ಕುದುರೆ ಕ್ಯಾಂಪಿನ ರಾತ್ರಿಗೆ ಯಾವ ಕಟ್ಟು: ಹೈಲೈನ್, ಕರೆಂಟ್ ಬೇಲಿ, ಪ್ಯಾನೆಲ್, ಟ್ರೇಲರ್

ಕುದುರೆಯೊಂದಿಗೆ ಕ್ಯಾಂಪಿಗೆ ಹೋದಾಗ ರಾತ್ರಿ ಅದನ್ನು ಹೇಗೆ ಹಿಡಿದಿಡುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೈಲೈನಿಗೆ. ಎರಡು ಮರಗಳ ನಡುವೆ ಕುದುರೆಯ ತಲೆಗಿಂತ ಎತ್ತರದಲ್ಲಿ ಬಿಗಿದ ಒಂದು ಹಗ್ಗ, ಅದರಿಂದ ಇಳಿಬಿಟ್ಟ ಲೀಡ್ ಹಗ್ಗ (ಕುದುರೆಯ ಮುಖಪಟ್ಟಿಗೆ ಸಿಕ್ಕಿಸುವ ಹಗ್ಗ), ಅಷ್ಟೇ. ಅದನ್ನು ಪಕ್ಕಕ್ಕಿಟ್ಟು ಕರೆಂಟ್ ಬೇಲಿಯ ಕಿಟ್ಟಿಗೆ ಸುಮಾರು ಮೂರು ಪಟ್ಟು ದುಡ್ಡು ಸುರಿದು, ಎರಡು ಸೀಸನ್ ಬಳಸಿ, ಮತ್ತೆ ಹಗ್ಗಕ್ಕೇ ವಾಪಸಾದ ಮೇಲೆ ಬರೆದ ಹೋಲಿಕೆ ಇದು. ನನ್ನ ಲೆಕ್ಕಾಚಾರ ಎರಡು ಕುದುರೆ (ತಲಾ 450 ಕಿಲೋ ಆಸುಪಾಸು), ಎರಡು ಕುದುರೆ ಸಾಗಿಸುವ ಸಣ್ಣ ಟ್ರೇಲರ್, ಒಂದು ಕ್ಯಾಂಪಿನಲ್ಲಿ ಎರಡು-ಮೂರು ರಾತ್ರಿ, ಈ ಅಳತೆಯದು. ವಾರಗಟ್ಟಲೆ ಒಂದೇ ಕಡೆ ತಂಗುವವರ ಲೆಕ್ಕ ಬೇರೆ.

ಏನನ್ನೂ ಕೊಳ್ಳುವ ಮೊದಲು ಹೋಗುವ ಕ್ಯಾಂಪಿನ ನಿಯಮ ಓದಿ. ಅಮೆರಿಕದಲ್ಲಿ ಕುದುರೆಯವರನ್ನು ಸ್ವಾಗತಿಸುವ ಕ್ಯಾಂಪುಗಳು ಒಂದರಂತೆ ಒಂದಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಟ್ರೇಲರ್ ನೇರವಾಗಿ ಒಳಗೆ ಹೋಗುವ ಐದು ಕುದುರೆ ಕ್ಯಾಂಪುಗಳಿವೆ: ಆಂಥನಿ ಕ್ರೀಕ್, ಬಿಗ್ ಕ್ರೀಕ್, ಕ್ಯಾಟಲೂಚಿ, ರೌಂಡ್ ಬಾಟಮ್, ಟೋ ಸ್ಟ್ರಿಂಗ್. ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕಿನ ಫ್ರೆಂಚ್ ಕ್ರೀಕ್ ಕುದುರೆ ಕ್ಯಾಂಪಿನಲ್ಲಿ ಬೇಲಿ ಹಾಕಿದ ಕುದುರೆ ದೊಡ್ಡಿಗಳು, ಅಂದರೆ ಕೊರಾಲ್‌ಗಳೇ ಇವೆ. ಕೆಲವು ಕಡೆ ಹೈಲೈನಿಗೆಂದೇ ಕಂಬ ನೆಟ್ಟಿರುತ್ತಾರೆ. ಇನ್ನು ಕೆಲವು ಕಡೆ ಮರಕ್ಕೆ ಹಗ್ಗ ಮುಟ್ಟಿಸುವುದೇ ನಿಷಿದ್ಧ. ಅಂಥಲ್ಲಿ ಕಂಬವೂ ಇಲ್ಲದಿದ್ದರೆ ನನ್ನ ನೆಚ್ಚಿನ ಹಗ್ಗ ಟ್ರೇಲರಿನಲ್ಲೇ ಮಲಗಿರಬೇಕು.

ಹೈಲೈನಿಗೆ ಬೇಕಾದ ಸಾಮಾನು: 12 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಗ್ಗ 18 ಮೀಟರ್, ಮರಕ್ಕೆ ಸುತ್ತಲು 5 ಸೆಂ.ಮೀ.ಗಿಂತ ಅಗಲದ ಎರಡು ಪಟ್ಟಿ, ಕುದುರೆಗೊಂದರಂತೆ ನಾಟ್ ಎಲಿಮಿನೇಟರ್ ಮತ್ತು ಸ್ವಿವೆಲ್ (ಸುತ್ತಲೂ ತಿರುಗುವ ಕೊಂಡಿ). ನಾಟ್ ಎಲಿಮಿನೇಟರ್ ಅಂದರೆ ಹಗ್ಗವನ್ನು ಕಚ್ಚಿ ಹಿಡಿಯುವ ಸಣ್ಣ ಲೋಹದ ತುಂಡು, ಲೀಡ್ ಕಟ್ಟುವುದು ಅದಕ್ಕೆ. ಅದಿಲ್ಲದೆ ಲೀಡನ್ನು ಹಾಗೇ ಹಗ್ಗಕ್ಕೆ ಕಟ್ಟಿದರೆ ಗಂಟು ಜಾರುತ್ತಾ ಹೋಗಿ ಬೆಳಗಿನ ಹೊತ್ತಿಗೆ ಎರಡೂ ಕುದುರೆ ಒಂದೇ ಕಡೆ ಸೇರಿ ಹಗ್ಗಗಳು ಹೆಣೆದುಕೊಂಡಿರುತ್ತವೆ. ಹಗ್ಗದ ನಡುವೆ ಎಂಟರ ಆಕಾರದ ಕುಣಿಕೆ ಹಾಕಿಯೂ ಕಟ್ಟಬಹುದು, ಆದರೆ ರಾತ್ರಿಯೆಲ್ಲ ಕುದುರೆ ಜಗ್ಗಿದ ಕುಣಿಕೆಯನ್ನು ಬೆಳಿಗ್ಗೆ ಬಿಚ್ಚಲು ಹಲ್ಲೇ ಬೇಕಾಗುತ್ತದೆ. ಸ್ವಿವೆಲ್ ಬಿಟ್ಟರೆ ಕುದುರೆ ಸುತ್ತು ಹಾಕಿದಷ್ಟೂ ಲೀಡ್ ಹುರಿಗೊಂಡು ಗಿಡ್ಡವಾಗುತ್ತದೆ.

ಮರ 20 ಸೆಂ.ಮೀ.ಗಿಂತ ದಪ್ಪ ಇರಲಿ, ಜೀವಂತ ಇರಲಿ. ಲೀಡ್ ಕಟ್ಟುವ ಜಾಗ ಎರಡೂ ಮರದಿಂದ ಕನಿಷ್ಠ 2.4 ಮೀಟರ್ ದೂರ ಇದ್ದರೆ ಕುದುರೆ ತೊಗಟೆ ಕಡಿಯುವುದಿಲ್ಲ, ಬೇರಿನ ಮೇಲೆ ಕೆರೆಯುವುದಿಲ್ಲ. ಹೊಳೆ-ಕೆರೆಯಿಂದ 60 ಮೀಟರ್ ದೂರ ಇರಿ. ಅಮೆರಿಕದ ಪೂರ್ವದ ಕಾಡುಗಳಲ್ಲಿ ರೆಡ್ ಮೇಪಲ್ ಮರವನ್ನು ಗುರುತಿಸಲು ಕಲಿತಿರಬೇಕು. ಗಾಳಿಗೆ ಮುರಿದುಬಿದ್ದ ಕೊಂಬೆಯ ಬಾಡಿದ ಎಲೆ ತಿಂದರೆ ಕುದುರೆಯ ಕೆಂಪು ರಕ್ತಕಣಗಳು ಒಡೆಯುತ್ತವೆ, ಪ್ರಾಣಕ್ಕೇ ಕುತ್ತು. ಬ್ಲ್ಯಾಕ್ ಚೆರಿಯ ಬಾಡಿದ ಎಲೆಯೂ ವಿಷ. ಕಟ್ಟುವ ಮುಂಚೆ ನೆಲ ನೋಡಿ, ಬಿದ್ದ ಕೊಂಬೆ ಎಳೆದು ಆಚೆ ಹಾಕಿ.

ಈಗ ಹೈಲೈನಿನ ನಿಜವಾದ ತಲೆನೋವಿಗೆ ಬರುತ್ತೇನೆ. ಅದು ಜೋಲುವಿಕೆ. ಸಂಜೆ ತಂತಿಯ ಹಾಗೆ ಬಿಗಿಯಾಗಿದ್ದ ಹಗ್ಗ ನಡುರಾತ್ರಿಗೆ ಬಟ್ಟೆ ಒಣಗಿಸುವ ಹಗ್ಗದಂತೆ ಇಳಿದಿರುತ್ತದೆ. ಹಗ್ಗ ಇಳಿದಷ್ಟೂ ಲೀಡ್ ಉದ್ದವಾದ ಹಾಗೆ, ಲೀಡ್ ಉದ್ದವಾದರೆ ಮುಂಗಾಲು ಅದರ ಆಚೆ ದಾಟುತ್ತದೆ. ಕಾಲಿಗೆ ಹಗ್ಗ ಸಿಕ್ಕ ಕುದುರೆ ತಲೆ ಎತ್ತಿ ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಹಗ್ಗ ಗೊರಸಿನ ಮೇಲಿನ ಸಂದಿನಲ್ಲಿ ಚರ್ಮ ಕೊಯ್ಯುತ್ತಾ ಹೋಗುತ್ತದೆ.

ಇಷ್ಟು ಇಳಿಯುವುದು ಯಾಕೆ? ಲೆಕ್ಕ ಹಾಕಿ ನೋಡಿ. ಮರಗಳ ನಡುವೆ 12 ಮೀಟರ್, ಹಗ್ಗ ನೆಟ್ಟಗೆ ಬಿಗಿದಿದೆ. ಕುದುರೆ ನಡುಮಧ್ಯದಲ್ಲಿ ಕೆಳಕ್ಕೆ ಎಳೆದಾಗ ಹಗ್ಗ ನೂರಕ್ಕೆ ಒಂದರಷ್ಟು, ಅಂದರೆ ಬರೀ 12 ಸೆಂ.ಮೀ. ಉದ್ದವಾಯಿತು ಅನ್ನೋಣ. ಆಗ ಮಧ್ಯದ ಬಿಂದು 85 ಸೆಂ.ಮೀ. ಕೆಳಗೆ ಬರುತ್ತದೆ. ಕೇವಲ 3 ಸೆಂ.ಮೀ. ಹಿಗ್ಗಿದರೂ 42 ಸೆಂ.ಮೀ. ಇಳಿತ. ಮರಗಳ ಅಂತರ 8 ಮೀಟರಿಗೆ ಇಳಿಸಿದರೆ ಅದೇ ನೂರಕ್ಕೆ ಒಂದರ ಹಿಗ್ಗಿಗೆ 57 ಸೆಂ.ಮೀ. ಮಾತ್ರ. ಹಾಗಾಗಿ ದೂರದ ದೊಡ್ಡ ಮರಗಳಿಗಿಂತ ಹತ್ತಿರದ ಸಾಧಾರಣ ಮರಗಳೇ ಮೇಲು. ಆದರೆ 8 ಮೀಟರಿನಲ್ಲಿ ಎರಡು ಕುದುರೆಯ ನಡುವೆ ಮೂರು ಮೀಟರಿನಷ್ಟೇ ಉಳಿಯುವುದರಿಂದ, ಒಂದಕ್ಕೊಂದು ಒದೆಯುವ ಜೋಡಿಗೆ ಅದು ಆಗದು.

ಹಗ್ಗ ಉದ್ದವಾಗುವುದಕ್ಕೆ ಮೂರು ಕಾರಣ. ಒಂದು, ನೈಲಾನ್. ಅಂಗಡಿಯಲ್ಲಿ ಮೆತ್ತಗೆ ಕೈಗೆ ಹಿತವಾಗಿ ಸಿಗುವ ಹಗ್ಗ ಬಹುತೇಕ ಅದೇ. ಅದು ಎಳೆತಕ್ಕೆ ರಬ್ಬರಿನ ಹಾಗೆ ಹಿಗ್ಗುತ್ತದೆ, ನೀರನ್ನೂ ಹೀರುತ್ತದೆ, ಇಬ್ಬನಿಗೆ ನೆನೆದರೆ ಇನ್ನೂ ಸಡಿಲ. ಪಾಲಿಯೆಸ್ಟರಿಗೆ ಈ ಕಾಟ ತೀರಾ ಕಡಿಮೆ. ಎರಡು, ಗಂಟುಗಳು ಕೂರುವುದು. ಹೊಸದಾಗಿ ಹಾಕಿದ ಗಂಟು ಎಳೆತಕ್ಕೆ ಬಿಗಿದುಕೊಳ್ಳುವಾಗ ಎರಡು-ಮೂರು ಸೆಂ.ಮೀ. ಹಗ್ಗ ಹೊರಗೆ ಬಿಡುತ್ತದೆ. ಮೇಲಿನ ಲೆಕ್ಕದಲ್ಲಿ ಅಷ್ಟೇ ಸಾಕು. ಮೂರು, ಮರದ ಪಟ್ಟಿ ಜಾರುವುದು. ನಯವಾದ ತೊಗಟೆಯ ಬೀಚ್ ಮರದಲ್ಲಿ ಒಂದು ಸುತ್ತು ಸಾಲದು, ಎರಡು ಸುತ್ತು ಹಾಕಿ.

ಪರಿಹಾರ ಇದು. ಹಗ್ಗದ ಒಂದು ತುದಿಯನ್ನು ಪಟ್ಟಿಯ ಬಳೆಗೆ ಭದ್ರವಾಗಿ ಕಟ್ಟಿ. ಇನ್ನೊಂದು ತುದಿಯಲ್ಲಿ ನಮ್ಮ ಲಾರಿಯವರ ಗಂಟು ಹಾಕಿ. ಲೋಡಿನ ಮೇಲೆ ಹಗ್ಗ ಬಿಗಿಯುವಾಗ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಹಾಯಿಸಿ, ವಾಪಸು ಕುಣಿಕೆಯೊಳಗೆ ತೂರಿಸಿ, ಮೈಭಾರ ಬಿಟ್ಟು ಜಗ್ಗುತ್ತಾರಲ್ಲ, ಅದೇ. ಇಲ್ಲಿ ಅಮೆರಿಕದವರು ಡಚ್‌ಮನ್ ಅಂತಲೋ ಟ್ರಕರ್ಸ್ ಹಿಚ್ ಅಂತಲೋ ಕರೆಯುತ್ತಾರೆ. ತುದಿಗೆ ಜೀರುಗುಣಿಕೆ ಹಾಕಿಟ್ಟರೆ ಕತ್ತಲಲ್ಲೂ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಹಗ್ಗ ನೆಲದಿಂದ 2.2 ಮೀಟರಿಗಿಂತ ಮೇಲಿರಬೇಕು, ಆದ್ದರಿಂದ ಜೀನು ಹತ್ತುವ ಮೆಟ್ಟಿಲನ್ನೇ ಕಾಲಡಿ ಇಟ್ಟುಕೊಳ್ಳಿ. ಕುದುರೆ ಕಟ್ಟುವ ಮೊದಲು ಹಗ್ಗದ ನಡುವೆ ಜೋತುಬಿದ್ದು ಗಂಟುಗಳನ್ನು ಕೂರಿಸಿ, ಮತ್ತೆ ಬಿಗಿಯಿರಿ. ಕುದುರೆ ಕಟ್ಟಿ ಅರ್ಧ ಗಂಟೆಯ ಮೇಲೆ ಇನ್ನೊಮ್ಮೆ, ಮಲಗುವ ಮುನ್ನ ಮತ್ತೊಮ್ಮೆ.

ಲೀಡಿನ ಉದ್ದ ಅಳೆಯುವುದನ್ನು ಬಹಳ ಜನ ತಪ್ಪುತ್ತಾರೆ. ಹಗ್ಗ ಬಿಗಿಯಾಗಿದ್ದಾಗ ಅಳೆದರೆ ಪ್ರಯೋಜನವಿಲ್ಲ. ಒಬ್ಬರು ಲೀಡನ್ನು ಬಲವಾಗಿ ಕೆಳಕ್ಕೆ ಎಳೆದು ಹಿಡಿಯಬೇಕು, ಆಗ ಅದರ ಕೊಂಡಿ ಕುದುರೆಯ ಮುಂಗಾಲ ಮಂಡಿಗಿಂತ ಕೆಳಗೆ ಬರಬಾರದು. 15 ಹ್ಯಾಂಡ್ (ಸುಮಾರು 152 ಸೆಂ.ಮೀ.) ಎತ್ತರದ ಕುದುರೆಗೆ ಅದು ನೆಲದಿಂದ ಸುಮಾರು 45 ಸೆಂ.ಮೀ. ಹಾಗಿದ್ದರೆ ರಾಶಿ ಹಾಕಿದ ಒಣಹುಲ್ಲಿಗೆ ಮೂತಿ ಸಿಗುತ್ತದೆ, ಕಾಲು ಮಡಚಿ ಮಲಗಲೂ ಆಗುತ್ತದೆ, ಹಗ್ಗ ದಾಟಲು ಆಗುವುದಿಲ್ಲ. ಪೂರ್ತಿ ಪಕ್ಕಕ್ಕೆ ಒರಗಿ ಮಲಗಲು ಮಾತ್ರ ಆಗದು. ಕುದುರೆ ನಿಂತೇ ತೂಕಡಿಸಿದರೂ ಗಾಢನಿದ್ದೆಗೆ ಮಲಗಲೇಬೇಕು. ಮೂರನೇ ದಿನಕ್ಕೆ ಹಗಲು ಹೊತ್ತಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಹೊರಳಾಡಲು ಬಿಡಿ. ಹೈಲೈನಿನ ಮೇಲೆ ನನ್ನ ಒಂದೇ ದೊಡ್ಡ ತಕರಾರು ಇದು.

ಕರೆಂಟ್ ಬೇಲಿಯನ್ನು ಕೊಳ್ಳುವವರೆಲ್ಲ ಅದರಲ್ಲಿ ಕುದುರೆ ಮೇಯುತ್ತಾ ಓಡಾಡುವ ಚಿತ್ರ ನೋಡಿಯೇ ಕೊಳ್ಳುತ್ತಾರೆ. ಕ್ಯಾಂಪ್ ಸೈಟಿನಲ್ಲಿ ಸಿಗುವ ಜಾಗ 6 ಮೀಟರ್ ಚೌಕ ಇದ್ದರೆ ಪುಣ್ಯ. ಅಷ್ಟು ಹುಲ್ಲು ಒಂದೇ ರಾತ್ರಿಗೆ ತುಳಿದು ಮಣ್ಣಾಗುತ್ತದೆ. ದಿನಕ್ಕೆ ಕುದುರೆಗೆ 7ರಿಂದ 9 ಕಿಲೋ ಒಣಹುಲ್ಲು ಹೇಗಿದ್ದರೂ ಹೊರಲೇಬೇಕು. ಕೊಲರಾಡೊ, ಮೊಂಟಾನಾ, ವಯೋಮಿಂಗ್ ಕಡೆಯ ರಾಷ್ಟ್ರೀಯ ಅರಣ್ಯಗಳಲ್ಲಾದರೆ ಕಳೆಬೀಜವಿಲ್ಲ ಎಂದು ಪ್ರಮಾಣಪತ್ರ ಇರುವ ಹುಲ್ಲೇ ಆಗಬೇಕು.

ಅದರ ದೊಡ್ಡ ಸೋಲು ಒಣನೆಲದಲ್ಲಿ. ಈ ಬೇಲಿಯಲ್ಲಿ ತಂತಿಯ ಬದಲು ಟೇಪ್ ಎಳೆದು, ಚಾರ್ಜರ್ ಎಂಬ ಪೆಟ್ಟಿಗೆಯಿಂದ ಅದಕ್ಕೆ ಕರೆಂಟು ಕೊಡುತ್ತಾರೆ. ಶಾಕ್ ಹೊಡೆಯಬೇಕಾದರೆ ಕರೆಂಟು ಟೇಪಿನಿಂದ ಕುದುರೆಗೆ, ಕುದುರೆಯ ಗೊರಸಿನಿಂದ ನೆಲಕ್ಕೆ, ನೆಲದಿಂದ ಅರ್ಥಿಂಗ್ ಸರಳಿಗೆ, ಅಲ್ಲಿಂದ ಚಾರ್ಜರಿಗೆ ಹೀಗೆ ಸುತ್ತು ಪೂರೈಸಬೇಕು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳ ಆಗಸ್ಟ್ ತಿಂಗಳ ಗ್ರಾನೈಟ್ ಮರಳಿನಲ್ಲಿ ಆ ಸುತ್ತು ನೆಲದಲ್ಲೇ ಕಡಿಯುತ್ತದೆ. ಟೆಸ್ಟರಿನಲ್ಲಿ ಟೇಪ್ ಸರಿಯಾಗಿಯೇ ತೋರಿಸೀತು, ಮೂತಿ ತಾಗಿಸಿದ ಕುದುರೆಗೆ ಏನೂ ಆಗದು. ಒಮ್ಮೆ ಅದು ಗೊತ್ತಾದ ಕುದುರೆ ಟೇಪನ್ನು ಲೆಕ್ಕಕ್ಕಿಡುವುದಿಲ್ಲ. ಸರಳಿನ ಬುಡಕ್ಕೆ ಉಪ್ಪು ಬೆರೆಸಿದ ಎರಡು ಬಕೆಟ್ ನೀರು ಸುರಿದರೆ ಸ್ವಲ್ಪ ಹೊತ್ತು ನಡೆಯುತ್ತದೆ. ಇದಕ್ಕಿಂತ ಗಟ್ಟಿ ಉಪಾಯ ಎರಡು ಸಾಲು ಟೇಪ್ ಎಳೆದು, ಕೆಳಗಿನದನ್ನು ಚಾರ್ಜರಿನ ಅರ್ಥ್ ತುದಿಗೆ ಕೊಡುವುದು. ಕುದುರೆ ಎರಡನ್ನೂ ಒಟ್ಟಿಗೆ ಮುಟ್ಟಿದಾಗ ನೆಲದ ಹಂಗಿಲ್ಲದೆ ಶಾಕ್ ಹೊಡೆಯುತ್ತದೆ. ಒಂದನ್ನೇ ಮುಟ್ಟಿದರೆ ಮತ್ತೆ ಅದೇ ಕಥೆ.

ಟೇಪನ್ನು ಗಂಟು ಹಾಕಿ ಜೋಡಿಸಬೇಡಿ. ಒಳಗಿನ ಸಣ್ಣ ಉಕ್ಕಿನ ಎಳೆಗಳು ಒಂದಕ್ಕೊಂದು ತಾಗದೆ ಅಲ್ಲಿಂದ ಮುಂದಕ್ಕೆ ಬೇಲಿ ಸತ್ತಿರುತ್ತದೆ. ಲೋಹದ ಕ್ಲಿಪ್ಪೇ ಬೇಕು. 3,000 ವೋಲ್ಟಿಗಿಂತ ಕೆಳಗಿಳಿದರೆ ಎಲ್ಲೋ ಹಸಿ ಹುಲ್ಲು ತಾಗುತ್ತಿದೆ ಎಂದು ಹುಡುಕಿ. ಮೂಲೆಯ ಪ್ಲಾಸ್ಟಿಕ್ ಕಂಬ ಟೇಪಿನ ಎಳೆತಕ್ಕೆ ಒಳಗೆ ವಾಲುತ್ತದೆ, ಅದಕ್ಕೆ ಟೆಂಟಿನ ಹಾಗೆ ಹೊರಗಿನಿಂದ ಒಂದು ದಾರ ಕಟ್ಟಿ.

ಇಷ್ಟೆಲ್ಲ ಮಾಡಿದರೂ ಬೆದರಿದ ಕುದುರೆಯನ್ನು ಟೇಪ್ ತಡೆಯದು. ಕ್ಯಾಟಲೂಚಿ ಕಣಿವೆಗೆ 2001-02ರಲ್ಲಿ ಎಲ್ಕ್ ಜಿಂಕೆಗಳನ್ನು ಮರಳಿ ತಂದು ಬಿಟ್ಟಿದ್ದಾರೆ. ಕೊಂಬಿನ ಗಂಡು ಎಲ್ಕ್ ಕತ್ತಲಲ್ಲಿ ಬಿಳಿ ಟೇಪಿನ ಮೇಲೆ ಹಾದುಹೋದರೆ ಬೇಲಿಯೂ ಇಲ್ಲ, ಒಳಗಿದ್ದ ಕುದುರೆಯೂ ಇಲ್ಲ. (2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಆ ಕಣಿವೆಗೆ ಬಹಳ ಹಾನಿ ಮಾಡಿತು, ಹೊರಡುವ ಮೊದಲು ಪಾರ್ಕಿನ ಪ್ರಕಟಣೆ ನೋಡಿಕೊಳ್ಳಿ.) ಮನೆಯಲ್ಲಿ ವಾರವಿಡೀ ಕರೆಂಟ್ ಬೇಲಿಯಲ್ಲಿ ಪಳಗದ ಕುದುರೆಯನ್ನಂತೂ ಕ್ಯಾಂಪಿನಲ್ಲಿ ಮೊದಲ ಸಲ ಅದರೊಳಗೆ ಬಿಡಲೇಬಾರದು.

ಪ್ಯಾನೆಲ್, ಅಂದರೆ ಒಂದಕ್ಕೊಂದು ಜೋಡಿಸಿ ಆವರಣ ಮಾಡುವ ಸರಳಿನ ಚೌಕಟ್ಟು, ಭದ್ರ, ಆದರೆ ಭಾರ. ಉಕ್ಕಿನ 3 ಮೀಟರ್ ಪ್ಯಾನೆಲ್ ಎತ್ತಲು ಇಬ್ಬರು ಬೇಕು, ಎರಡು ಕುದುರೆಗೆ ಎಂಟಾದರೂ ಬೇಕು, ನನ್ನ ಸಣ್ಣ ಟ್ರೇಲರಿಗೆ ಆ ಹೊರೆ ಸಲ್ಲದು. ಹಗುರದ ಅಲ್ಯುಮಿನಿಯಂ ಪ್ಯಾನೆಲ್ಲಿನ ಕೆಳಗಿನ ಸರಳಿನಡಿ ಕುದುರೆ ತಲೆ ತೂರಿಸಿ, ಆಚೆಯ ಹುಲ್ಲಿಗಾಗಿ ಇಡೀ ಆವರಣವನ್ನೇ ಕುತ್ತಿಗೆಯ ಮೇಲೆ ಎತ್ತುತ್ತದೆ. ಸುತ್ತ ಒಂದು ಗಜ ದೂರದ ಹುಲ್ಲನ್ನು ಮೊದಲೇ ತಿನ್ನಿಸಿಬಿಟ್ಟರೆ ಆಸೆ ಅರ್ಧ ಕಡಿಮೆಯಾಗುತ್ತದೆ. ಒಂದು ಬದಿಯನ್ನು ಟ್ರೇಲರಿಗೇ ಸರಪಳಿಯಿಂದ ಬಿಗಿಯಿರಿ. ಮರಿಯಿರುವ ಹೆಣ್ಣುಕುದುರೆ, ಕಟ್ಟಿ ಅಭ್ಯಾಸವಿಲ್ಲದ ಕುದುರೆ, ವಾರದ ವಾಸ್ತವ್ಯ, ಈ ಮೂರಕ್ಕೆ ಮಾತ್ರ ನಾನು ಪ್ಯಾನೆಲ್ ಅನ್ನುತ್ತೇನೆ.

ಟ್ರೇಲರಿಗೆ ಕಟ್ಟುವುದು ಒಂದು ರಾತ್ರಿಗೆ ಸರಿ. ಟ್ರೇಲರ್ ಗಾಡಿಗೆ ಜೋಡಿಸಿಯೇ ಇರಲಿ, ಗಾಲಿ ಉರುಳದಂತೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ಚಕ್ರದ ಮೇಲಿನ ತಗಡಿನ ಅಂಚು ಚೂಪು, ಕೆರೆಯುವ ಕುದುರೆ ಕಾಲನ್ನು ಅಲ್ಲೇ ಸಿಕ್ಕಿಸುತ್ತದೆ, ಆದ್ದರಿಂದ ಅದರಿಂದ ದೂರದ ಬಳೆಗೇ ಕಟ್ಟಿ. ಹುಲ್ಲಿನ ಬಲೆ ಖಾಲಿಯಾದಾಗ ಜೋಲುತ್ತದೆ, ಅದರ ತಳ ಕುದುರೆಯ ಎದೆಮಟ್ಟದಲ್ಲಿ ಉಳಿಯುವಷ್ಟು ಮೇಲೆ ಕಟ್ಟಿ. ಟ್ರೇಲರಿನಲ್ಲೇ ಮಲಗುವವರಿಗೆ ರಾತ್ರಿಯೆಲ್ಲ ಧಡ್ ಧಡ್ ತಪ್ಪಿದ್ದಲ್ಲ.

ಕ್ಯಾಂಪಿನ ಕೊರಾಲ್ ಸಿಕ್ಕರೆ ಅನುಕೂಲವೇ, ಆದರೆ ಹಿಂದಿನ ವಾರ ಯಾವ ಕುದುರೆ ಅದರಲ್ಲಿತ್ತೋ ನಿಮಗೆ ತಿಳಿಯದು. 2011ರಲ್ಲಿ ಯೂಟಾದ ಆಗ್ಡನ್ನಿನ ಒಂದು ಸ್ಪರ್ಧೆಯಿಂದ ಕುದುರೆ ಹರ್ಪಿಸ್ ವೈರಸ್ ಹಲವು ರಾಜ್ಯಗಳಿಗೆ ಹರಡಿದ್ದನ್ನು ಕುದುರೆ ಸಾಕುವವರು ಮರೆಯಬಾರದು. ಅದು ಮೂಗಿಗೆ ಮೂಗು ತಾಗಿ ಹರಡುತ್ತದೆ, ಒಂದೇ ತೊಟ್ಟಿಯ ನೀರಿನಿಂದಲೂ ಹರಡುತ್ತದೆ. ತೊಟ್ಟಿ ಬಿಟ್ಟು ನಿಮ್ಮದೇ ಬಕೆಟ್ ಇಡಿ (ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್), ಹಳೆಯ ಹುಲ್ಲನ್ನೆಲ್ಲ ಗುಡಿಸಿ ತೆಗೆಯಿರಿ, ಮರಳು ನೆಲವಾದರೆ ಹುಲ್ಲನ್ನು ಬಲೆಯಲ್ಲೇ ಕೊಡಿ, ಹೊಟ್ಟೆಗೆ ಮರಳು ಸೇರಿದರೆ ಶೂಲೆ ಬರುತ್ತದೆ. ಗೇಟಿಗೆ ನಿಮ್ಮದೊಂದು ಸರಪಳಿ ಹಾಕಿ.

ಊರಲ್ಲಿ ಹಸು-ಎಮ್ಮೆಯನ್ನು ಗೂಟಕ್ಕೆ ಉದ್ದ ಹಗ್ಗದಲ್ಲಿ ಕಟ್ಟಿ ಮೇಯಿಸಿದ ಅಭ್ಯಾಸ ಇದ್ದವರಿಗೆ ಇದೆಲ್ಲ ಅತಿ ಅನ್ನಿಸಬಹುದು. ಹಸು ಹಗ್ಗದ ತುದಿ ಬಂದರೆ ನಿಲ್ಲುತ್ತದೆ, ಕುದುರೆ ಬೆದರಿದರೆ ತುದಿಯವರೆಗೂ ಓಡಿಯೇ ನಿಲ್ಲುವುದು. ಕಾಲಿಗೆ ಗೂಟದ ಹಗ್ಗ ಕಲಿಸಿದ ಕುದುರೆ ಬೇರೆ, ಕಲಿಸದ್ದಕ್ಕೆ ಗೂಟ ಬೇಡ.

ನನ್ನ ಟ್ರೇಲರಿನಲ್ಲಿ ಈಗ ಹೈಲೈನಿನ ಒಂದು ಚೀಲ ಕಾಯಂ ಇರುತ್ತದೆ, ಎಲ್ಲ ಸೇರಿ ನೂರು ಡಾಲರಿನ ಆಸುಪಾಸು. ಮರಕ್ಕೆ ಕಟ್ಟಬಾರದೆಂಬ ಕಡೆಗೆ ಕರೆಂಟ್ ಟೇಪ್ ಹಿಂದಿನ ಮೂಲೆಯಲ್ಲಿ ಉಳಿದುಕೊಂಡಿದೆ, ಎರಡು ಸಾಲಿನದ್ದು. ಹೈಲೈನ್ ಬಿಚ್ಚಿದ ಬೆಳಿಗ್ಗೆ ಕೆಲಸ ಇನ್ನೂ ಇದೆ: ಗೊರಸು ಕೆರೆದ ಗುಂಡಿಗೆ ಮಣ್ಣು ತುಂಬಿ ತುಳಿಯಬೇಕು, ಉಳಿದ ಹುಲ್ಲು ಬಾಚಿ ಚೀಲಕ್ಕೆ ಹಾಕಬೇಕು, ಲದ್ದಿಯನ್ನು ಕ್ಯಾಂಪಿನವರು ಹೇಳಿದ ತಿಪ್ಪೆಗೆ ಸಾಗಿಸಬೇಕು, ತಿಪ್ಪೆ ಇಲ್ಲದಿದ್ದರೆ ಟ್ರೇಲರಿನಲ್ಲೇ ಮನೆಗೆ ಒಯ್ಯಬೇಕು. ಪಟ್ಟಿ ಸುತ್ತಿದ್ದ ಜಾಗದಲ್ಲಿ ತೊಗಟೆ ಉಜ್ಜಿದ ಗುರುತು ಕಂಡರೆ ಮುಂದಿನ ಸಲಕ್ಕೆ ಇನ್ನೂ ಅಗಲದ ಪಟ್ಟಿ ಕೊಳ್ಳಿ.