ಪ್ರಾಗ್‌ನ ರಾಜಮಾರ್ಗ: ಗೈಡ್ ಜೊತೆಗೋ, ಕಿವಿಯಲ್ಲಿನ ಧ್ವನಿಯ ಜೊತೆಗೋ, ಬರೀ ನಕ್ಷೆಯ ಜೊತೆಗೋ?

ಪ್ರಾಗ್ ನಗರದ ಹಳೆಯ ಭಾಗವನ್ನು ನಡೆದೇ ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾರ ಜೊತೆ, ಯಾವ ದಿಕ್ಕಿನಿಂದ ನಡೆಯಬೇಕು ಎಂಬುದೇ ಪ್ರಶ್ನೆ. ಇಂದಿನ ಚೆಕ್ ದೇಶದ ಭಾಗವಾದ ಬೊಹೀಮಿಯಾದ ಅರಸರು ಪಟ್ಟಾಭಿಷೇಕಕ್ಕೆ ಮೆರವಣಿಗೆಯಲ್ಲಿ ಸಾಗುತ್ತಿದ್ದ ರಾಜಮಾರ್ಗವನ್ನು ನಾನು ಮೂರು ಬಗೆಯಲ್ಲಿ ನಡೆದು ನೋಡಿದ್ದೇನೆ: ಕೊಡೆ ಎತ್ತಿ ಹಿಡಿದ ಗೈಡ್ ಹಿಂದೆ ಗುಂಪಿನಲ್ಲಿ, ಮೊಬೈಲಿನ ಆಡಿಯೊ ಗೈಡ್ ಕಿವಿಗೆ ಹಾಕಿಕೊಂಡು, ಮತ್ತು ಮಡಚಿದ ಕಾಗದದ ನಕ್ಷೆಯೊಂದನ್ನೇ ನಂಬಿಕೊಂಡು. ದಾರಿ ಒಂದೇ ಆದದ್ದರಿಂದ ಹೋಲಿಸುವುದು ಸುಲಭವಾಯಿತು.

ದಾರಿಯ ಪರಿಚಯ ಮೊದಲು ಮಾಡಿಕೊಡುತ್ತೇನೆ. 1475ರಲ್ಲಿ ಕಟ್ಟಲು ಶುರು ಮಾಡಿದ ಸಿಡಿಮದ್ದಿನ ಗೋಪುರದಿಂದ ಹೊರಟು, ತ್ಸೆಲೆತ್ನಾ ಬೀದಿಯಲ್ಲಿ ಸಾಗಿ, ಹಳೆಪೇಟೆಯ ಚೌಕ ದಾಟಿ, ಕಾರ್ಲೋವಾ ಬೀದಿಯ ಅಂಕುಡೊಂಕಿನಲ್ಲಿ ನುಸುಳಿ ಚಾರ್ಲ್ಸ್ ಸೇತುವೆಗೆ ಬರಬೇಕು. ವಲ್ತಾವಾ ನದಿಯ ಆಚೆಗೆ ಮಾಲಾ ಸ್ತ್ರಾನಾ ಎಂಬ ಬಡಾವಣೆ, ಅಲ್ಲಿಂದ ನೆರುಡೋವಾ ಬೀದಿಯ ಏರು, ಕೊನೆಗೆ ಕೋಟೆ ಮತ್ತು ಸಂತ ವೀಟ್ ಮಹಾಮಂದಿರ. ಒಟ್ಟು ಎರಡೂವರೆ ಕಿಲೋಮೀಟರ್ ಆಸುಪಾಸು. ಈ ನಗರದಲ್ಲಿ ಕೊನೆಯ ಪಟ್ಟಾಭಿಷೇಕ ನಡೆದದ್ದು 1836ರಲ್ಲಿ. ಎಲ್ಲಿಯೂ ನಿಲ್ಲದೆ ನಡೆದರೆ ಮುಕ್ಕಾಲು ಗಂಟೆಯ ದಾರಿ. ನೋಡುತ್ತಾ ನಡೆದರೆ ಒಂದಿಡೀ ದಿನವೂ ಸಾಲದು.

ಗುಂಪಿನ ನಡಿಗೆಯ ದೊಡ್ಡ ಬಲ ಕಥೆ. ಮೊದಲು ಹಣ ಕೇಳದೆ ಕೊನೆಯಲ್ಲಿ ಕೊಟ್ಟಷ್ಟು ತೆಗೆದುಕೊಳ್ಳುವ ನಡಿಗೆಗಳು ಇಲ್ಲಿ ಹೇರಳ. ಕೇಳುಗರನ್ನು ಹಿಡಿದಿಟ್ಟರೆ ಮಾತ್ರ ಸಂಪಾದನೆ ಆಗುವುದರಿಂದ ಗೈಡ್‌ಗಳು ನಿಜಕ್ಕೂ ಚೆನ್ನಾಗಿ ಹೇಳುತ್ತಾರೆ. 1618ರ ಮೇ 23ರಂದು ಪ್ರಾಟೆಸ್ಟಂಟ್ ಶ್ರೀಮಂತರು ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಕೋಟೆಯ ಕಿಟಕಿಯಿಂದ ಹೊರಗೆಸೆದರು, ಮೂವರೂ ಬದುಕಿ ಉಳಿದರು, ಅದರಿಂದ ಹೊತ್ತಿದ ಕಿಡಿ ಮೂವತ್ತು ವರ್ಷ ಯುರೋಪನ್ನು ಸುಟ್ಟಿತು. ಈ ಪ್ರಸಂಗವನ್ನು ನಾನು ಓದಿದ್ದೆ. ಆದರೆ ಕೈ ಬೀಸಿ, ದನಿ ಏರಿಳಿಸಿ ಹೇಳುವವರ ಬಾಯಲ್ಲಿ ಕೇಳಿದ ಮೇಲೆ ಅದು ಮರೆಯುವ ಹಾಗಿಲ್ಲ. ಯಾವ ಆ್ಯಪ್‌ನಿಂದಲೂ ಇದು ಸಾಧ್ಯವಿಲ್ಲ.

ಆದರೆ ಕಥೆಯ ಹುರುಪಿನಲ್ಲಿ ದಂತಕಥೆಯೂ ಇತಿಹಾಸವೂ ಒಂದೇ ತೂಕದಲ್ಲಿ ಬರುತ್ತವೆ. ಖಗೋಳ ಗಡಿಯಾರದ ಮುಂದೆ ನಿಲ್ಲಿಸಿ, ಇದನ್ನು ಕಟ್ಟಿದ ಹನುಷ್ ಎಂಬ ಗುರುವಿನ ಕಣ್ಣುಗಳನ್ನು ನಗರಸಭೆಯವರೇ ಕೀಳಿಸಿದರು, ಮತ್ತೊಂದು ಊರಿಗೆ ಇಂಥದ್ದನ್ನು ಕಟ್ಟಿಕೊಡಬಾರದೆಂದು ಹಾಗೆ ಮಾಡಿದರು ಎಂದು ಹೇಳುತ್ತಾರೆ. ಕೇಳಲು ರೋಚಕವಾಗಿದೆ. ವಾಸ್ತವದಲ್ಲಿ ಇದನ್ನು 1410ರಲ್ಲಿ ಮಾಡಿದವನು ಕಾದಾನ್ ಊರಿನ ಮಿಕುಲಾಷ್ ಎಂಬ ಗಡಿಯಾರ ಕುಶಲಿ. ಅವನ ಹೆಸರು ಹೇಳದೆ ಹೋಗುವುದು ನನಗೆ ನೋವಿನ ಸಂಗತಿ. ಆರು ಶತಮಾನ ದಾಟಿಯೂ ಓಡುತ್ತಿರುವ ಕೆಲಸ ಮಾಡಿಟ್ಟವನಿಗೆ ಅಷ್ಟು ಗೌರವವಾದರೂ ಸಲ್ಲಬೇಕು.

ಇನ್ನೊಂದು ತೊಡಕು ವೇಗ. ಗುಂಪು ನಿಂತಲ್ಲಿ ನಿಲ್ಲಬೇಕು, ಹೊರಟಾಗ ಹೊರಡಬೇಕು. ನಿಮ್ಮ ಕಣ್ಣು ಒಂದು ಬಾಗಿಲ ಮೇಲೆ ನೆಟ್ಟಿರುವಾಗಲೇ ಕೊಡೆ ಮುಂದಿನ ತಿರುವಿನಲ್ಲಿ ಮರೆಯಾಗಿರುತ್ತದೆ.

ಆಡಿಯೊ ಗೈಡ್ ವೇಗದ ಸಮಸ್ಯೆಯನ್ನು ಬಗೆಹರಿಸುತ್ತದೆ. ಬೇಕಾದಾಗ ನಿಲ್ಲಿಸಬಹುದು, ಮತ್ತೆ ಕೇಳಬಹುದು. ನಾನು ಬಳಸಿದ್ದು ಸ್ಥಳ ಗುರುತಿಸಿ ತಾನಾಗಿಯೇ ಮಾತು ಶುರು ಮಾಡುವಂಥದ್ದು. ಬಯಲಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಕಾರ್ಲೋವಾದಂಥ ಇಕ್ಕಟ್ಟಿನ ಬೀದಿಯಲ್ಲಿ, ಎರಡೂ ಕಡೆ ಎತ್ತರದ ಮನೆಗಳ ನಡುವೆ, ಉಪಗ್ರಹದ ಸಂಕೇತ ತಡವರಿಸಿ, ನಾನು ದಾಟಿ ಬಂದ ಕಟ್ಟಡದ ವಿವರ ಮುಂದಿನ ತಿರುವಿನಲ್ಲಿ ಕೇಳಿಸಿತು. ಅದನ್ನಾದರೂ ಸಹಿಸಿಕೊಳ್ಳಬಹುದು. ನನಗೆ ಒಗ್ಗದ್ದು ಬೇರೆಯೇ: ಆ ಧ್ವನಿ ಹೇಳಿದ್ದನ್ನಷ್ಟೇ ಕಣ್ಣು ಹುಡುಕುತ್ತದೆ. ಹೇಳದೆ ಬಿಟ್ಟದ್ದು ಎದುರಿಗಿದ್ದರೂ ಕಾಣುವುದಿಲ್ಲ. ಸಾಲದ್ದಕ್ಕೆ ಟ್ರಾಮಿನ ಗಂಟೆ, ಚರ್ಚಿನ ಗಂಟೆ, ಸೇತುವೆಯ ಮೇಲಿನ ಪಿಟೀಲು, ಎಲ್ಲವೂ ಇಯರ್‌ಫೋನಿನ ಆಚೆಗೇ ಉಳಿಯುತ್ತವೆ.

ಈ ಊರಿನ ಅರ್ಧ ಚರಿತ್ರೆ ಗೋಡೆಗಳ ಮೇಲೆ, ಇನ್ನರ್ಧ ಕಾಲಡಿಯಲ್ಲಿ ಇದೆ. ಕಾಗದದ ನಕ್ಷೆ ಗೆದ್ದದ್ದು ಇದೇ ಕಾರಣಕ್ಕೆ. ನೆರುಡೋವಾ ಬೀದಿಯನ್ನೇ ತೆಗೆದುಕೊಳ್ಳಿ. ಮನೆಗಳಿಗೆ ನಂಬರು ಬಂದದ್ದು 1770ರಲ್ಲಿ, ಮರಿಯಾ ತೆರೇಸಾ ಕಾಲದಲ್ಲಿ. ಅದಕ್ಕೂ ಮೊದಲು ಮನೆಯ ಗುರುತೆಂದರೆ ಬಾಗಿಲ ಮೇಲಿನ ಚಿಹ್ನೆ. ಹನ್ನೆರಡನೇ ನಂಬರಿನ ಮನೆಯ ಮೇಲೆ ಮೂರು ಪಿಟೀಲುಗಳಿವೆ. ಅಲ್ಲಿ ಪಿಟೀಲು ತಯಾರಿಸುವವರ ಮನೆತನ ವಾಸವಿತ್ತು. ನಲವತ್ತೇಳನೆಯದರ ಮೇಲೆ ಎರಡು ಸೂರ್ಯರು; ಬೀದಿಗೆ ಹೆಸರು ಕೊಟ್ಟ ಬರಹಗಾರ ಯಾನ್ ನೆರುಡಾ ಇದ್ದ ಮನೆ ಅದು. ಐದನೇ ನಂಬರಿನ ಅರಮನೆಯ ಉಪ್ಪರಿಗೆಯನ್ನು ಬ್ರೊಕಾಫ್ ಕೆತ್ತಿದ ಇಬ್ಬರು ಮೂರ್ (ಉತ್ತರ ಆಫ್ರಿಕಾದ) ಪುರುಷರು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ.

ಪ್ರತಿ ಬಾಗಿಲ ಬಳಿ ಎರಡು ನಂಬರಿನ ಫಲಕಗಳಿರುವುದು ಮೊದಲ ದಿನ ನನಗೆ ಗೊಂದಲ ಹುಟ್ಟಿಸಿತ್ತು. ನೀಲಿಯದು ಬೀದಿಯುದ್ದಕ್ಕೂ ಸಾಲಾಗಿ ಸಾಗುವ ನಂಬರು. ಒಂದು ಕಡೆ ಬೆಸ, ಎದುರು ಕಡೆ ಸರಿ. ಕೆಂಪಿನದು ಆ ಬಡಾವಣೆಯ ದಾಖಲೆಗೆ ಮನೆ ಸೇರಿದ ಕ್ರಮದ್ದು, ಹಾಗಾಗಿ ಪಕ್ಕದ ಮನೆಗೂ ಇದಕ್ಕೂ ತಾಳೆಯಾಗದೆ ಇರಬಹುದು. ವಿಳಾಸ ಹುಡುಕುವವರಿಗೆ ನೀಲಿ ಸಾಕು. ಆದರೆ ಒಂದೇ ಗೋಡೆಯ ಮೇಲೆ ಕಲ್ಲಿನ ಚಿಹ್ನೆ, ಕೆಂಪು ಫಲಕ, ನೀಲಿ ಫಲಕ ಮೂರನ್ನೂ ಒಟ್ಟಿಗೆ ನೋಡುವಾಗ, ಅಂಚೆಯವನು ಮನೆ ಹುಡುಕಿದ ಮೂರು ಕಾಲಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಗುಂಪಿನಲ್ಲಿ ಹೋದಾಗ ಈ ಬೀದಿಯನ್ನು ಏದುಸಿರು ಬಿಡುತ್ತಾ ದಾಟಿದೆವು. ಆಡಿಯೊದಲ್ಲಿ ಎರಡು ಚಿಹ್ನೆಗಳ ಪ್ರಸ್ತಾಪ ಬಂತು. ನಕ್ಷೆ ಹಿಡಿದು ಹೋದ ದಿನ ಈ ಒಂದು ಬೀದಿಯಲ್ಲೇ ಮಧ್ಯಾಹ್ನ ಕಳೆಯಿತು.

ಗಡಿಯಾರದ ಮುಂದೆಯೂ ಇದೇ ಅನುಭವ. ಗಂಟೆಗೊಮ್ಮೆ ಜನ ಜಮಾಯಿಸುತ್ತಾರೆ, ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಗಳಲ್ಲಿ ಹನ್ನೆರಡು ಅಪೊಸ್ತಲರು ಹಾದುಹೋಗುತ್ತಾರೆ, ಕೋಳಿ ಕೂಗುತ್ತದೆ, ಒಂದು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ಇಷ್ಟೇನಾ ಎಂದು ಬೇಸರಪಟ್ಟು ಚದುರುವವರೇ ಹೆಚ್ಚು. ನಿಜವಾಗಿ ನೋಡಬೇಕಾದದ್ದು ಜನ ಚದುರಿದ ಮೇಲೆ. ಕೆಳಗಿನಿಂದ ಮುಖಫಲಕವನ್ನು ನಿಧಾನವಾಗಿ ಓದಿ. ಹೊರಗಿನ ಕಪ್ಪು ಉಂಗುರದ ಚಿನ್ನದ ಅಂಕಿಗಳು ಹಳೆಯ ಬೊಹೀಮಿಯನ್ ಕಾಲವನ್ನು ತೋರಿಸುತ್ತವೆ. ಅದರಲ್ಲಿ ದಿನ ಎಣಿಸುವುದು ಸೂರ್ಯಾಸ್ತದಿಂದ, ಹಾಗಾಗಿ ಋತು ಬದಲಾದಂತೆ ಆ ಉಂಗುರವೇ ಸರಿಯುತ್ತದೆ. ಒಳಗಿನ ನೀಲಿ ಭಾಗದಲ್ಲಿ ಬಾಗಿದ ಚಿನ್ನದ ಗೆರೆಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡುತ್ತವೆ. ಬೇಸಿಗೆಯಲ್ಲಿ ಪಾಲು ದೊಡ್ಡದು, ಚಳಿಗಾಲದಲ್ಲಿ ಚಿಕ್ಕದು. ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ಲೆಕ್ಕ ಹಾಕುವುದನ್ನು ಮನೆಯಲ್ಲಿ ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹನ್ನೆರಡು ರಾಶಿಗಳ ಉಂಗುರ ಬೇರೆ, ಅದರ ಮೇಲೆ ಸೂರ್ಯ ಯಾವ ರಾಶಿಯಲ್ಲಿದ್ದಾನೆಂದು ತೋರಿಸುವ ಚಿನ್ನದ ಬಿಂಬ, ಅರ್ಧ ಕಪ್ಪು ಅರ್ಧ ಬೆಳ್ಳಿಯಾಗಿ ತಿರುಗುತ್ತಾ ತಿಥಿಯನ್ನು ಅಂದಾಜಿಗೆ ಸಿಗುವಂತೆ ಮಾಡುವ ಚಂದ್ರನ ಗುಂಡು. ನಮ್ಮ ಪಂಚಾಂಗದವರ ಕಣ್ಣಿಗೆ ಈ ಗಡಿಯಾರ ಯುರೋಪಿನ ಪ್ರವಾಸಿಗಳಿಗಿಂತ ಬೇಗ ಬಿಚ್ಚಿಕೊಳ್ಳುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇದಕ್ಕೆ ಬೇಕಾದದ್ದು ಅರ್ಧ ಗಂಟೆಯ ಬಿಡುವು. ಗುಂಪಿನಲ್ಲಿ ಅದು ಸಿಗುವುದಿಲ್ಲ.

ಚೌಕದಲ್ಲೇ ಇನ್ನೂ ಎರಡು ಗುರುತುಗಳಿವೆ, ಎರಡೂ ನೆಲದ ಮೇಲೆ. ಒಂದು, ಪ್ರಾಗ್‌ನ ಮಧ್ಯಾಹ್ನರೇಖೆಯನ್ನು ಸೂಚಿಸುವ ಲೋಹದ ಪಟ್ಟಿ. ಮೇರಿಯ ಸ್ತಂಭದ ನೆರಳು ಇದರ ಮೇಲೆ ಬಿದ್ದರೆ ಊರಿಗೆ ನಡುಹಗಲು. 1918ರಲ್ಲಿ ಉರುಳಿಸಿದ್ದ ಆ ಸ್ತಂಭವನ್ನು 2020ರಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರಗಳನ್ನು ಒಂದು ತಾಸು ಮುಂದಿಟ್ಟಿರುತ್ತಾರೆ, ಆದ್ದರಿಂದ ನೆರಳು ನೋಡಲು ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಹೋಗಿ. ಎರಡನೆಯದು ಪುರಭವನದ ಮುಂದಿನ ನೆಲಹಾಸಿನಲ್ಲಿ ಬಿಳಿ ಕಲ್ಲಿನ 27 ಶಿಲುಬೆಗಳು: 1618ರಲ್ಲಿ ಶುರುವಾದ ದಂಗೆಗಾಗಿ 1621ರ ಜೂನ್ 21ರಂದು ಇಲ್ಲಿ ಮರಣದಂಡನೆಗೆ ಗುರಿಯಾದ 27 ಮಂದಿಯ ನೆನಪು.

ಆ ಶಿಲುಬೆಗಳಿಂದಲೇ ದಿಕ್ಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ಯಾವ ಗೈಡ್ ಕೂಡ ನನಗೆ ಹೇಳಲಿಲ್ಲ. ಅರಸರು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದರು, ಗುಂಪುಗಳೂ ಬಹುಮಟ್ಟಿಗೆ ಹಾಗೆಯೇ ಹೋಗುತ್ತವೆ. ನೀವು ಮೇಲಿನಿಂದ ಕೆಳಗಿಳಿದರೆ ಬೇರೊಂದು ಕಥೆ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಕೋಟೆಯ ಹಳೆಯ ಅರಮನೆಯಲ್ಲಿ 1618ರ ಕಿಟಕಿ. ಬೀದಿ ಇಳಿದು ಸೇತುವೆ ದಾಟಿದರೆ ಹಳೆಪೇಟೆಯ ಸೇತುವೆ ಗೋಪುರ; ಶಿಕ್ಷೆಗೆ ಗುರಿಯಾದವರಲ್ಲಿ ಹನ್ನೆರಡು ಮಂದಿಯ ತಲೆಗಳನ್ನು ತೂಗುಹಾಕಿದ್ದು ಅದರ ಮೇಲೆ. ಇನ್ನು ಸ್ವಲ್ಪ ನಡೆದರೆ ಆ ತಲೆಗಳು ಉರುಳಿದ ಚೌಕ. ದಂಗೆ ಮತ್ತು ಅದರ ಬೆಲೆ ಒಂದೇ ಇಳಿಜಾರಿನಲ್ಲಿ ಕಾಲಿಗೆ ಸಿಗುತ್ತವೆ.

ಬೆಳಕಿನ ಲೆಕ್ಕವನ್ನೂ ಹಾಕಬೇಕು. ಸೇತುವೆ ಪೂರ್ವ-ಪಶ್ಚಿಮವಾಗಿ ಚಾಚಿದೆ. ಬೆಳಿಗ್ಗೆ ಹಳೆಪೇಟೆಯ ಕಡೆಯಿಂದ ಹೋದರೆ ಸೂರ್ಯ ಬೆನ್ನಿಗಿದ್ದು ಕೋಟೆ ಬೆಳಗುತ್ತದೆ; ಸಂಜೆ ಕೋಟೆಯ ಕಡೆಯಿಂದ ಇಳಿದರೆ ಹಳೆಪೇಟೆಯ ಗೋಪುರಗಳು ಬೆಳಗುತ್ತವೆ. ಅಡ್ಡಾದಿಡ್ಡಿ ಹೊತ್ತಿನಲ್ಲಿ ಹೋದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. 1357ರಲ್ಲಿ ಜುಲೈ 9ರ ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ, 1-3-5-7-9-7-5-3-1 ಎಂದು ಅಂಕಿಗಳು ಏರಿ ಇಳಿಯುವಂತೆ ಮುಹೂರ್ತ ನೋಡಿ ಅರಸ ನಾಲ್ಕನೇ ಚಾರ್ಲ್ಸ್ ಈ ಸೇತುವೆಗೆ ಅಡಿಗಲ್ಲಿಟ್ಟ ಎನ್ನುತ್ತಾರೆ. ಅದೇ ಹೊತ್ತಿಗೆ ಅಲ್ಲಿರುವಂತೆ ಎದ್ದು ಹೋಗಿ. ಹತ್ತು ಗಂಟೆಯ ಮೇಲೆ ಹೆಗಲಿಗೆ ಹೆಗಲು ತಾಗುವ 516 ಮೀಟರಿನ ಸೇತುವೆಯಲ್ಲಿ ಆಗ ಮೂವತ್ತು ವಿಗ್ರಹಗಳ ಗುಂಪುಗಳನ್ನೂ ಒಂದೊಂದಾಗಿ ನಿಂತು ನೋಡಬಹುದು. ಅವುಗಳಲ್ಲಿ ಹಳೆಯದು 1683ರ ನೆಪೊಮುಕ್ ಸಂತನ ಕಂಚಿನ ಪ್ರತಿಮೆ. ಕೆಳಗಿನ ಉಬ್ಬುಶಿಲ್ಪದಲ್ಲಿ ಸಂತನನ್ನು ನದಿಗೆ ತಳ್ಳುವ ಚಿತ್ರವಿದೆ. ಮುಟ್ಟಿ ಮುಟ್ಟಿ ಆ ಭಾಗ ಹೊಳೆಯುತ್ತದೆ.

ನಕ್ಷೆಯೊಂದಿಗೆ ಅಡ್ಡದಾರಿ ಹಿಡಿಯುವ ಸ್ವಾತಂತ್ರ್ಯವೂ ಬರುತ್ತದೆ. ತ್ಸೆಲೆತ್ನಾ ಬೀದಿಯಿಂದ ಒಂದು ಓಣಿ ಒಳಗೆ ಹೋದರೆ 1348ರಲ್ಲಿ ಸ್ಥಾಪನೆಯಾದ ಚಾರ್ಲ್ಸ್ ವಿಶ್ವವಿದ್ಯಾಲಯದ ಹಳೆಯ ಕಟ್ಟಡವಿದೆ. ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನಕ್ಕೆ ಬದುಕು ಸವೆಸಿದ ಕಮಿಲ್ ಜ್ವೆಲೆಬಿಲ್ ಓದಿದ್ದು ಈ ವಿಶ್ವವಿದ್ಯಾಲಯದಲ್ಲಿ. ಯಾವ ಗುಂಪನ್ನೂ ಅಲ್ಲಿ ನಿಲ್ಲಿಸುವುದಿಲ್ಲ. ನಾನು ನಿಂತೆ.

ನಕ್ಷೆ ಎಲ್ಲ ಕಡೆ ಗೆಲ್ಲುತ್ತದೆ ಎಂದೇನೂ ಅಲ್ಲ. ಯಹೂದಿ ಕೇರಿಯಾದ ಯೋಸೆಫೋವ್‌ನಲ್ಲಿ ಅದು ಕೈಚೆಲ್ಲುತ್ತದೆ. ಹಳೆಯ ಸ್ಮಶಾನದಲ್ಲಿ ಜಾಗ ಸಾಲದೆ ಮಣ್ಣು ಸುರಿದು ಪದರದ ಮೇಲೆ ಪದರವಾಗಿ ಹೂಳಿದ್ದಾರೆ. ಸುಮಾರು 12,000 ಸಮಾಧಿಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಎಲ್ಲಕ್ಕಿಂತ ಹಳೆಯದಾದ 1439ರ ಕಲ್ಲು ಯಾವುದು, 1609ರಲ್ಲಿ ತೀರಿಕೊಂಡ ಯಹೂದಿ ಧರ್ಮಗುರು ರಬ್ಬಿ ಲೋವ್ ಸಮಾಧಿ ಯಾವುದು ಎಂದು ಹೀಬ್ರೂ ಬಾರದವರಿಗೆ ಯಾರಾದರೂ ಹೇಳಲೇಬೇಕು. ಅಲ್ಲಿ ಆಡಿಯೊ ಗೈಡ್ ಪಡೆಯಿರಿ, ಕೊಟ್ಟ ಹಣಕ್ಕೆ ಮೋಸವಿಲ್ಲ. ಮಹಾಮಂದಿರದ ಒಳಗೂ ಅಷ್ಟೇ. 1344ರಲ್ಲಿ ಶುರುವಾಗಿ 1929ರಲ್ಲಿ ಪೂರ್ಣಗೊಂಡ ಕಟ್ಟಡದಲ್ಲಿ ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತದೆ ಎಂಬುದು ಬರಿಗಣ್ಣಿಗೆ ಸುಲಭವಾಗಿ ಹೊಳೆಯುವುದಿಲ್ಲ. ಯೋಸೆಫೋವ್‌ನ ಪಿಂಕಾಸ್ ಸಿನಗಾಗ್ (ಯಹೂದಿ ಪ್ರಾರ್ಥನಾಲಯ) ಒಳಗೆ ಮಾತ್ರ ಇಯರ್‌ಫೋನ್ ತೆಗೆದುಬಿಡಿ. ನಾಜಿಗಳ ಕೈಯಲ್ಲಿ ಸತ್ತ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಗೋಡೆಗಳ ಮೇಲೆ ಊರೂರಾಗಿ ಕೈಯಿಂದ ಬರೆದಿದ್ದಾರೆ. ಅಲ್ಲಿ ಬೇಕಾದದ್ದು ಓದುವ ಕಣ್ಣು ಮಾತ್ರ.

ಹಾಗಾದರೆ ಯಾರಿಗೆ ಯಾವುದು? ಕೈಯಲ್ಲಿ ಅರ್ಧ ದಿನವಷ್ಟೇ ಇದ್ದು, ಮುಂಚಿತವಾಗಿ ಏನೂ ಓದಿರದಿದ್ದರೆ ಗುಂಪಿನ ಜೊತೆ ಹೋಗಿ, ಕಥೆಗಳಾದರೂ ದಕ್ಕುತ್ತವೆ. ಎರಡು ದಿನ ಇರುವವರಿಗೆ ನನ್ನ ಸಲಹೆ ನಕ್ಷೆ. ಹಿಂದಿನ ರಾತ್ರಿ ಕುಳಿತು ಮರುದಿನದ ದಾರಿಯನ್ನು ಓದಿಕೊಂಡು, ನೋಡಬೇಕಾದ್ದನ್ನು ನಕ್ಷೆಯ ಅಂಚಿನಲ್ಲೇ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ದಾರಿ ತಪ್ಪಿದರೆ ಇರಲೆಂದು ಚೆಕ್ ಜನರೇ ಬಳಸುವ ಮಾಪಿ ಆ್ಯಪ್‌ನಲ್ಲಿ ನಗರದ ನಕ್ಷೆಯನ್ನು ಇಳಿಸಿಕೊಂಡಿರಿ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಏರು ಹತ್ತಿಸಬೇಡಿ. 22ನೇ ನಂಬರಿನ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ನಿಲ್ದಾಣದಲ್ಲಿ ಇಳಿದರೆ 1143ರಲ್ಲಿ ಸ್ಥಾಪಿತವಾದ ಸ್ತ್ರಾಹೋವ್ ಮಠ ಪಕ್ಕದಲ್ಲೇ. ಅಲ್ಲಿಂದ ಮುಂದೆ ಬಹುಪಾಲು ಇಳಿಜಾರು. ಕಾಗದದ ಟಿಕೆಟ್ ಕೊಂಡರೆ ಸಾಲದು, ಟ್ರಾಮಿನೊಳಗಿನ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಬೀದಿಗಳೆಲ್ಲ ಕಲ್ಲು ಹಾಸಿನವು, ಮಳೆ ಬಂದರೆ ಜಾರುತ್ತವೆ, ಹಾಗಾಗಿ ದಪ್ಪ ಅಟ್ಟೆಯ ಬೂಟು ಬೇಕು. ದಾರಿಯುದ್ದಕ್ಕೂ ಹಳೆಯ ಪ್ರಾಗ್‌ನ ತಿಂಡಿ ಎಂದು ಮಾರುವ, ಕೊಳವೆಯಾಕಾರದ ಟ್ರಡೆಲ್ನಿಕ್ ಈ ಊರಿನ ಸಂಪ್ರದಾಯದ್ದಲ್ಲ. ಸಸ್ಯಾಹಾರಿಗಳು ಆ ಹಣಕ್ಕೆ ಕರಿದ ಚೀಸ್ ಕೇಳಿ ತಿನ್ನಲಿ. ಯೋಸೆಫೋವ್‌ಗೆ ಬೇರೆಯೇ ಅರ್ಧ ದಿನ ಇಟ್ಟುಕೊಳ್ಳಿ, ಅದು ಶನಿವಾರ ಆಗದಂತೆ ನೋಡಿಕೊಳ್ಳಿ. ಅಂದು ಮತ್ತು ಯಹೂದಿ ಹಬ್ಬಗಳಂದು ಅಲ್ಲಿನ ವಸ್ತುಸಂಗ್ರಹಾಲಯದ ಬಾಗಿಲು ಮುಚ್ಚಿರುತ್ತದೆ.