ಸ್ಪ್ಯಾನಿಷ್ ಅನುವಾದದ ಟೂಲ್: 3 ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಟೂಲ್‌ನ ಹೆಸರು ಬರೆಯುವುದಿಲ್ಲ. ಈಗಲೂ ಅದರಲ್ಲೇ ದುಡಿಯುತ್ತಿದ್ದೇನೆ, ನನಗೆ ಕೆಲಸ ಕೊಡುವವರೂ ಅದನ್ನೇ ಬಳಸುತ್ತಾರೆ. ಸುಮ್ನೆ ಯಾಕೆ ರಗಳೆ? ಈ ಜಾತಿಯ ಟೂಲ್ ಒಂದನ್ನು ಬಳಸಿದವರಿಗೆ ಮಿಕ್ಕವುಗಳ ಹಣೆಬರಹವೂ ಸುಮಾರಾಗಿ ಗೊತ್ತಿರುತ್ತದೆ.

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡುತ್ತೇನೆ. ಸ್ಪ್ಯಾನಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಡೆಲೆ ಪರೀಕ್ಷೆಯಲ್ಲಿ ಸಿ1 ಎಂಬ ಮೇಲಿನ ಹಂತ ಮುಗಿಸಿದ್ದೇನೆ. ಕಥೆ, ಕಾದಂಬರಿ ಏನಲ್ಲ. ಊಟ ತಂದುಕೊಡುವ ಆ್ಯಪ್‌ನ ಸಾಲುಗಳು, ಗ್ರಾಹಕರ ದೂರಿಗೆ ಕೊಡುವ ಉತ್ತರಗಳು, ಓವನ್ ಜೊತೆ ಡಬ್ಬಿಯಲ್ಲಿ ಬರುವ ಪುಸ್ತಕ, ಇಂಥವು. ನಾನು ಮಾಡಿದ್ದನ್ನು ಆಯಾ ದೇಶದವರೊಬ್ಬರು ನೋಡಿ ತಿದ್ದುತ್ತಾರೆ. ಈ ಟೂಲ್‌ಗೆ ದುಡ್ಡು ಕಟ್ಟಲು ಶುರು ಮಾಡಿ 3 ವರ್ಷ 4 ತಿಂಗಳಾಯಿತು. ತಿಂಗಳ ಲೆಕ್ಕದಲ್ಲಿ ನಮ್ಮನೆ ಕರೆಂಟ್ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ.

ಟೂಲ್‌ನಲ್ಲಿ ಎರಡು ಭಾಗ ಇದೆ. ಒಂದು ಮೆಮೊರಿ: ನಾನು ಹಿಂದೆ ಮಾಡಿದ ವಾಕ್ಯಗಳನ್ನೆಲ್ಲ ಜೋಪಾನ ಮಾಡಿಟ್ಟು, ಅದೇ ವಾಕ್ಯ ಮತ್ತೆ ಬಂದರೆ ತಂದು ತುಂಬುತ್ತದೆ. ಇನ್ನೊಂದು ಮಷೀನ್ ಅನುವಾದ: ಹೊಸ ವಾಕ್ಯ ಬಂದರೆ ತಾನೇ ಒಂದು ಕರಡು ಬರೆದುಕೊಡುತ್ತದೆ. ಮೇಲೆ ಒಂದು ಡ್ರಾಪ್‌ಡೌನ್ ಇದೆ. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ, ಕೊಲಂಬಿಯಾ ಅಂತ ಆರಿಸಿಕೊಳ್ಳಬಹುದು. ನಾನು ದುಡ್ಡು ಕಟ್ಟಿದ್ದೇ ಈ ಡ್ರಾಪ್‌ಡೌನ್ ನೋಡಿ. ಅದರ ಕಥೆ ಆಮೇಲೆ ಹೇಳುತ್ತೇನೆ.

ಒಳ್ಳೆಯದನ್ನು ಮೊದಲು ಹೇಳೋಣ. ರೂಢಿಯ ನುಡಿಗಟ್ಟುಗಳಿಗೆ ಈ ಟೂಲ್ ಹೆದರುವುದಿಲ್ಲ. ಒಬ್ಬ ಗ್ರಾಹಕ ದೂರಿನಲ್ಲಿ, ಡ್ರೈವರ್ ನನ್ನನ್ನು 'ಸ್ಟುಡ್ ಮೀ ಅಪ್' ಅಂತ ಬರೆದಿದ್ದ. ಎದ್ದು ನಿಲ್ಲಿಸಿದ ಅಂತೇನಾದರೂ ಬರುತ್ತದೆ ಎಂದುಕೊಂಡಿದ್ದೆ. ಇಲ್ಲ, 'ಮೆ ದೆಹೋ ಪ್ಲಾಂತಾದೊ' ಅಂತ ಸರಿಯಾಗಿಯೇ ಕೊಟ್ಟಿತು. ಗಿಡ ನೆಟ್ಟ ಹಾಗೆ ನನ್ನನ್ನು ಅಲ್ಲೇ ನೆಟ್ಟು ಹೋದ ಎಂದರ್ಥ. ನಾವು ಕೈಕೊಟ್ಟ ಅನ್ನುತ್ತೇವೆ, ಅವರು ನೆಟ್ಟು ಹೋದ ಅನ್ನುತ್ತಾರೆ. ಸಿಗರೇಟು 'ಗಿವ್ ಅಪ್' ಮಾಡುವುದನ್ನೂ, ಸೋತು 'ಗಿವ್ ಅಪ್' ಮಾಡುವುದನ್ನೂ ಬೇರೆ ಬೇರೆ ಮಾಡಿಕೊಡುತ್ತದೆ: ಮೊದಲನೆಯದು 'ದೆಹಾರ್ ದೆ ಫುಮಾರ್', ಎರಡನೆಯದು 'ರೆಂದಿರ್ಸೆ'. 10 ವರ್ಷದ ಹಿಂದಿನ ಮಷೀನ್‌ಗಳನ್ನು ನೋಡಿದವರಿಗೆ ಇದೇನು ಸಣ್ಣ ಸಂಗತಿಯಲ್ಲ.

ತೊಂದರೆ ಇರುವುದು ಪುಟ್ಟ ಪದಗಳಲ್ಲಿ. ಅಪ್, ಔಟ್, ಆಫ್, ಬ್ಯಾಕ್.

'ರನ್ ಔಟ್' ತಗೊಳ್ಳಿ. ನಮಗೆ ರನೌಟ್ ಅಂದರೆ ಕ್ರಿಕೆಟ್, ಅದು ಬಿಡಿ. ಇಂಗ್ಲಿಷ್‌ನವರು ಅಂಗಡಿಯಿಂದಲೂ 'ರನ್ ಔಟ್' ಆಗುತ್ತಾರೆ, ಹಾಲೂ 'ರನ್ ಔಟ್' ಆಗುತ್ತದೆ. ಮೊದಲನೆಯದಕ್ಕೆ ಸ್ಪ್ಯಾನಿಷ್‌ನಲ್ಲಿ 'ಸಲಿಯೋ ಕೊರ್ರಿಯೆಂದೊ' ಅಂತಾರೆ. ಸಲಿಯೋ ಅಂದರೆ ಹೊರಗೆ ಹೋದ, ಕೊರ್ರಿಯೆಂದೊ ಅಂದರೆ ಓಡುತ್ತಾ. ಅಂದರೆ ಇಂಗ್ಲಿಷಿನ ಪುಟ್ಟ 'ಔಟ್' ಸ್ಪ್ಯಾನಿಷ್‌ಗೆ ಬಂದಾಗ ಮುಖ್ಯ ಕ್ರಿಯಾಪದ ಆಗುತ್ತದೆ, 'ರನ್' ಪಕ್ಕಕ್ಕೆ ಸರಿದು ಓಡುತ್ತಾ ಆಗುತ್ತದೆ. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಭಾಷೆಗಳನ್ನು ಇದೇ ಆಧಾರದ ಮೇಲೆ ಎರಡು ಬಗೆಯಾಗಿ ವಿಂಗಡಿಸಿದ್ದಾರೆ: ದಾರಿಯನ್ನು ಕ್ರಿಯಾಪದದೊಳಗೇ ಹೇಳುವ ಭಾಷೆಗಳು, ಪಕ್ಕದ ಪುಟ್ಟ ಪದದಲ್ಲಿ ಹೇಳುವ ಭಾಷೆಗಳು. ಸ್ಪ್ಯಾನಿಷ್ ಮೊದಲನೆಯ ಗುಂಪು, ಇಂಗ್ಲಿಷ್ ಎರಡನೆಯದು. ನಾವೂ 'ಓಡುತ್ತಾ ಹೊರಗೆ ಹೋದ' ಅಂತಲೇ ಅಲ್ವಾ ಹೇಳುವುದು? ಕನ್ನಡದವರಿಗೆ ಇಲ್ಲಿ ತಲೆ ತಿರುಗಿಸಿಕೊಳ್ಳುವ ಕಷ್ಟವೇ ಇಲ್ಲ.

ಹಾಲಿನ ವಿಷಯ ಇನ್ನೂ ಚೆನ್ನಾಗಿದೆ. 'ವೀ ರ‍್ಯಾನ್ ಔಟ್ ಆಫ್ ಮಿಲ್ಕ್' ಎಂಬುದಕ್ಕೆ ಟೂಲ್ ಪ್ರತಿ ಸಲ 'ನೋಸ್ ಕೆದಾಮೋಸ್ ಸಿನ್ ಲೇಚೆ' ಅಂತ ಕೊಡುತ್ತದೆ. ನಾವು ಹಾಲಿಲ್ಲದೆ ಉಳಿದೆವು ಅಂತ. ತಪ್ಪಲ್ಲ. ಆದರೆ ಅಡುಗೆಮನೆಯಲ್ಲಿ ಜನ 'ಸೆ ನೋಸ್ ಅಕಬೋ ಲಾ ಲೇಚೆ' ಅಂತಲೂ ಹೇಳುತ್ತಾರೆ. ಹಾಲು ತಾನೇ ಮುಗಿದುಹೋಯಿತು, ನಾವೇನೂ ಮಾಡಿಲ್ಲಪ್ಪ ಎಂಬ ಧಾಟಿ. 'ಹಾಲು ಖಾಲಿ ಆಯ್ತು' ಅಂದ ಹಾಗೆ. ಅಂಗಡಿಯವರು ಗ್ರಾಹಕರಿಗೆ ಕಳಿಸುವ ಸಂದೇಶದಲ್ಲಿ ಈ ಧಾಟಿಯೇ ಬೇಕಾಗುತ್ತದೆ. 3 ವರ್ಷದಿಂದ ಕೈಯಲ್ಲೇ ತಿದ್ದುತ್ತಿದ್ದೇನೆ.

ಇನ್ನೊಂದು, ನನಗೆ ತುಂಬ ಇಷ್ಟವಾದದ್ದು. 'ಹೀ ಏಟ್ ಅಪ್ ದ ಹೋಲ್ ಪಿಜ್ಜಾ.' ಇಲ್ಲಿ 'ಅಪ್' ಅಂದರೆ ಮೇಲೆ ಅಲ್ಲ, ಚೂರೂ ಬಿಡದೆ ಎಂದರ್ಥ. ಟೂಲ್ ಕೊಟ್ಟಿದ್ದು 'ಕೊಮಿಯೋ ತೋದಾ ಲಾ ಪಿಜ್ಜಾ'. ಪಿಜ್ಜಾ ಪೂರ್ತಿ ತಿಂದ. ಸ್ಪ್ಯಾನಿಷ್‌ನವರು ಮುಂದೆ ಒಂದು 'ಸೆ' ಸೇರಿಸುತ್ತಾರೆ: 'ಸೆ ಕೊಮಿಯೋ ತೋದಾ ಲಾ ಪಿಜ್ಜಾ'. ಆ ಒಂದು ಅಕ್ಷರ ಬಂದರೆ ತಿಂದ ಎನ್ನುವುದು ತಿಂದುಹಾಕಿದ ಆಗುತ್ತದೆ. ಇಂಗ್ಲಿಷಿನ 'ಅಪ್', ನಮ್ಮ 'ಹಾಕು', ಅವರ 'ಸೆ', ಮೂರೂ ಇಲ್ಲಿ ಒಂದೇ ಕೆಲಸ ಮಾಡುತ್ತವೆ. ಇದು ನನಗೆ ಹೊಳೆದ ಮೇಲೆ, 'ಅಪ್' ಇರುವ ವಾಕ್ಯ ಬಂದಾಗಲೆಲ್ಲ ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಹಾಕು, ಬಿಡು ಬಂತಾ? ಹಾಗಿದ್ದರೆ 'ಸೆ' ಬೇಕೇನೋ ಅಂತ ನೋಡುತ್ತೇನೆ. ಎಲ್ಲ ಸಲವೂ ಸರಿಹೋಗುವುದಿಲ್ಲ, ಆದರೆ ಟೂಲ್‌ಗಿಂತ ವಾಸಿ.

ಈಗ ಡ್ರಾಪ್‌ಡೌನ್ ಕಥೆ. ಮೊದಲ ವರ್ಷ ಪೂರ್ತಿ ಅದನ್ನು ನಂಬಿದ್ದೆ. ಆಮೇಲೆ ಒಂದು ಭಾನುವಾರ ಕೂತು, ಫ್ರೇಸಲ್ ವರ್ಬ್ (ಅಪ್, ಔಟ್‌ನಂಥ ಪುಟ್ಟ ಪದ ಅಂಟಿಕೊಂಡ ಕ್ರಿಯಾಪದ) ಇರುವ 40 ವಾಕ್ಯ ಬರೆದು, ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ ಮೂರಕ್ಕೂ ಓಡಿಸಿದೆ. ಕಂಪ್ಯೂಟರ್‌ಗೆ ಸ್ಪೇನ್‌ನಲ್ಲಿ 'ಒರ್ದೆನಾದೋರ್', ಮೆಕ್ಸಿಕೊದಲ್ಲಿ 'ಕೊಂಪುತಾದೋರಾ'. ಮೊಬೈಲ್‌ಗೆ 'ಮೋವಿಲ್' ಹೋಗಿ 'ಸೆಲುಲಾರ್' ಬಂತು. 'ನೀವೆಲ್ಲ' ಎನ್ನಲು ಸ್ಪೇನ್‌ನ 'ವೊಸೋತ್ರೋಸ್' ತೆಗೆದು 'ಉಸ್ತೇದೆಸ್' ಹಾಕಿತು. ಭೇಷ್ ಅಂದುಕೊಂಡೆ. ಕ್ರಿಯಾಪದಗಳ ಹತ್ತಿರ ಬಂದರೆ ಮೂರು ಕಾಲಂ ಹೆಚ್ಚುಕಡಿಮೆ ಒಂದೇ! ಅಂಗಿ ಬದಲಾಗಿದೆ, ಆಳು ಅದೇ.

'ಟರ್ನ್ ಆನ್ ದ ಓವನ್' ಎನ್ನಲು ಸ್ಪೇನ್‌ನಲ್ಲಿ 'ಎನ್ಸೆಂದೆರ್', ಅಮೆರಿಕ ಖಂಡದ ಬಹುಪಾಲು ಕಡೆ ದಿನಬಳಕೆಯಲ್ಲಿ 'ಪ್ರೆಂದೆರ್'. ಟೂಲ್ ಎಲ್ಲ ಕಡೆ ಎನ್ಸೆಂದೆರ್ ಅಂತು. ಅರ್ಥವಾಗುತ್ತದೆ, ಆದರೆ ಬೇರೆ ಊರಿನವರು ಮಾತಾಡಿದ ಹಾಗೆ. 'ಬ್ಯಾಕ್ ಅಪ್' ಮಾಡು ಎನ್ನುವುದಕ್ಕೆ ಸ್ಪೇನ್‌ನಲ್ಲಿ 'ಕೋಪಿಯಾ ದೆ ಸೆಗುರಿದಾದ್', ಮೆಕ್ಸಿಕೊದಲ್ಲಿ 'ರೆಸ್ಪಾಲ್ದೊ'. ಇದನ್ನೂ ಬದಲಿಸಲಿಲ್ಲ. ಫೋನ್ 'ಹ್ಯಾಂಗ್ ಅಪ್' ಮಾಡುವುದಕ್ಕೆ ಅರ್ಜೆಂಟೀನಾದವರು 'ಕೊರ್ತಾರ್' ಅನ್ನುತ್ತಾರೆ, ನಮ್ಮ 'ಕಟ್ ಮಾಡು' ಇದ್ದ ಹಾಗೆಯೇ. ಟೂಲ್‌ಗೆ ಅದೂ ಗೊತ್ತಿರಲಿಲ್ಲ.

'ಥ್ರೋ ಅವೇ' ಅಂತೂ ಹಳ್ಳಕ್ಕೆ ಕೆಡವುತ್ತದೆ. ಖಾಲಿ ಡಬ್ಬಿ ಬಿಸಾಕಿ ಎನ್ನಬೇಕು. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾದಲ್ಲಿ 'ತಿರಾರ್' ನಡೆಯುತ್ತದೆ. ಚಿಲಿ, ಪೆರು, ಕೊಲಂಬಿಯಾದಲ್ಲಿ 'ಬೊತಾರ್' ವಾಸಿ, ಯಾಕೆಂದರೆ ಅಲ್ಲಿ 'ತಿರಾರ್' ಪದಕ್ಕೆ ಒಂದು ಪೋಲಿ ಅರ್ಥವೂ ಇದೆ. ಹಾಗಂತ ಎಲ್ಲ ಕಡೆ ಬೊತಾರ್ ಹಾಕಿದರೆ? ಸ್ಪೇನ್‌ನವರಿಗೆ ಬೊತಾರ್ ಅಂದರೆ ಚೆಂಡು ಪುಟಿಸುವುದು. ಡಬ್ಬಿ ಪುಟಿಸಿ ಅಂದ ಹಾಗಾಗುತ್ತದೆ.

ನನಗೆ ನಿಜವಾಗಿ ಏಟು ಬಿದ್ದದ್ದು ಎರಡನೇ ವರ್ಷ. ಊಟದ ಆ್ಯಪ್ ಒಂದು ಮೊದಲು ಸ್ಪೇನ್‌ಗೆ ಬೇಕಾಗಿತ್ತು, ಆರು ತಿಂಗಳ ಮೇಲೆ ಅದೇ ಆ್ಯಪ್ ಮೆಕ್ಸಿಕೊಗೆ. ಡ್ರೈವರ್ ಫೋನ್ ಮಾಡಿದಾಗ 'ಪಿಕ್ ಅಪ್' ಮಾಡಿ ಎಂಬ ಸಾಲಿತ್ತು. ಸ್ಪೇನ್‌ಗೆ ನಾನೇ 'ಕೊಹೆ ಎಲ್ ತೆಲೇಫೊನೊ' ಅಂತ ಬರೆದಿದ್ದೆ, ಅಲ್ಲಿ ಅದು ದಿನಾ ಕೇಳುವ ಮಾತು. ಮೆಕ್ಸಿಕೊ ಫೈಲ್ ತೆರೆದಾಗ ಟೂಲ್ ನನ್ನ ಹಳೆಯ ಸಾಲನ್ನು ಹುಡುಕಿ ತಂದು, 100% ಮ್ಯಾಚ್ ಅಂತ ಹಸಿರು ಬಣ್ಣ ಬಳಿದು, ಬೀಗವನ್ನೂ ಹಾಕಿತ್ತು. ಹಸಿರು ಇದ್ದದ್ದನ್ನು ನಾನು ಓದಲಿಲ್ಲ. ಯಾರೂ ಓದುವುದಿಲ್ಲ, ಅದಕ್ಕೆ ದುಡ್ಡೂ ಕೊಡುವುದಿಲ್ಲ. ಆದರೆ ಮೆಕ್ಸಿಕೊದಲ್ಲಿ, ಅರ್ಜೆಂಟೀನಾದಲ್ಲಿ 'ಕೊಹೆರ್' ಅಂದರೆ ಮಲಗುವ ಕೋಣೆಯ ಕೆಲಸ. ಫೋನ್ ಜೊತೆ ಏನು ಮಾಡಿ ಎಂದು ನಾನು ಗ್ರಾಹಕರಿಗೆ ಹೇಳಿದ್ದೆ ಅಂತ ನೀವೇ ಊಹಿಸಿಕೊಳ್ಳಿ. ತಿದ್ದುವ ಮೆಕ್ಸಿಕೊದವರು ಆ ಸಾಲಿಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಜೆ ಎ ಜೆ ಎ ಜೆ ಎ' ಅಂತ ಬರೆದಿದ್ದರು. ಅವರಲ್ಲಿ ಜೆ ಅಕ್ಷರಕ್ಕೆ ಹಕಾರದ ಸದ್ದು. ಹಹಹ ಅಂತ ನಕ್ಕಿದ್ದು. ಕೆಳಗೆ ಒಂದೇ ಪದ: 'ಕೊಂತೆಸ್ತಾ'. ಉತ್ತರಿಸು. ಮೆಕ್ಸಿಕೊದಲ್ಲಿ ಫೋನ್ ಎತ್ತುವುದಕ್ಕೆ ಅಷ್ಟೇ ಸಾಕಿತ್ತು. ಅವರು ನಕ್ಕು ಬಿಟ್ಟರು, ಆ ಬ್ಯಾಚಿನ ಗುಣಮಟ್ಟದ ಅಂಕ ಮಾತ್ರ ನನ್ನ ಲೆಕ್ಕಕ್ಕೇ ಬಿತ್ತು.

ತಪ್ಪು ಹೇಗಾಯಿತು ಅಂತ ಆಮೇಲೆ ಕೆದಕಿದೆ. ಮೆಮೊರಿ ಶುರು ಮಾಡುವಾಗ ಟೂಲ್ ಅದನ್ನು ಬರೀ ಸ್ಪ್ಯಾನಿಷ್ ಅಂತ ಉಳಿಸುತ್ತದೆ, ದೇಶ ಕೇಳುವುದಿಲ್ಲ. ಸಪೋರ್ಟ್‌ಗೆ ಬರೆದೆ. 3 ದಿನ ಬಿಟ್ಟು ಉತ್ತರ ಬಂತು: ಲ್ಯಾಟಿನ್ ಅಮೆರಿಕದ ಕೆಲಸಕ್ಕೆ ಇಎಸ್-419 ಕೋಡ್ ಬಳಸಿ ಅಂತ. ಇಎಸ್ ಅಂದರೆ ಸ್ಪ್ಯಾನಿಷ್, 419 ಎನ್ನುವುದು ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ಗೆ ವಿಶ್ವಸಂಸ್ಥೆ ಕೊಟ್ಟಿರುವ ಸಂಖ್ಯೆ. ಮೆಕ್ಸಿಕೊದಿಂದ ಅರ್ಜೆಂಟೀನಾದ ಬುಡದವರೆಗೆ ಎಲ್ಲರಿಗೂ ಒಂದೇ ನಂಬರ್. ಧಾರವಾಡ, ಕುಂದಾಪುರ, ಕೊಳ್ಳೇಗಾಲ ಮೂರಕ್ಕೂ ಒಂದೇ ಬೋರ್ಡ್ ಬರೆದ ಹಾಗೆ. ಬೋರ್ಡ್ ಓದಬಹುದು, ಆ ಥರ ಯಾರೂ ಮಾತಾಡುವುದಿಲ್ಲ.

ಆಮೇಲೆ ನಾನೇ ದಾರಿ ಮಾಡಿಕೊಂಡೆ. ದೇಶಕ್ಕೊಂದು ಮೆಮೊರಿ ಬೇರೆ ಮಾಡಿದೆ. ಹಳೆಯದನ್ನು ಟಿಎಂಎಕ್ಸ್ ಫೈಲ್ (ಮೆಮೊರಿ ಸಾಗಿಸಲೆಂದೇ ಇರುವ ಫೈಲ್) ಆಗಿ ಹೊರತೆಗೆದು, ವಿಂಗಡಿಸಿ, ಮತ್ತೆ ಒಳಗೆ ಹಾಕಲು ಎರಡು ವಾರಾಂತ್ಯ ಹಿಡಿಯಿತು. 100% ಮ್ಯಾಚ್‌ಗೆ ಬೀಗ ಹಾಕುವುದನ್ನು ನಿಲ್ಲಿಸಿದೆ. ಇನ್ನು ಅನುಮಾನ ಬಂದ ಪದಕ್ಕೆಲ್ಲ ನನ್ನ ಆಸರೆ 'ಡಿಕ್ಸಿಯೊನಾರಿಯೊ ದೆ ಅಮೆರಿಕಾನಿಸ್ಮೋಸ್'. ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ 2010ರಲ್ಲಿ ತಂದ ನಿಘಂಟು. ಸುಮಾರು 70,000 ಪದ ಇದೆ, ಯಾವ ಅರ್ಥ ಯಾವ ದೇಶದ್ದು, ಯಾವುದು ಒರಟು ಮಾತು ಅಂತೆಲ್ಲ ಗುರುತು ಹಾಕಿದ್ದಾರೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಪದ ಕೊಟ್ಟರೆ ಉತ್ತರ ಸಿಗದು, ಸ್ಪ್ಯಾನಿಷ್ ಪದ ಮೊದಲು ನಿಮ್ಮ ಕೈಯಲ್ಲಿರಬೇಕು. ದುಡ್ಡು ಕೊಟ್ಟ ಡ್ರಾಪ್‌ಡೌನ್‌ಗಿಂತ ಈ ಪುಕ್ಕಟೆ ನಿಘಂಟೇ ನನ್ನ ಮರ್ಯಾದೆ ಜಾಸ್ತಿ ಸಲ ಉಳಿಸಿದೆ.

ಅಮೆರಿಕ ದೇಶದೊಳಗಿನ ಸ್ಪ್ಯಾನಿಷ್ ಇನ್ನೊಂದು ಲೋಕ. ಅಲ್ಲಿ 'ಕಾಲ್ ಬ್ಯಾಕ್' ಅನ್ನುವುದನ್ನು ಎಷ್ಟೋ ಜನ 'ಯಾಮಾರ್ ಪಾರಾ ಆತ್ರಾಸ್' ಅಂತ ಹೇಳುತ್ತಾರೆ. ಹಿಂದಕ್ಕೆ ಕರೆ ಮಾಡು, ಇಂಗ್ಲಿಷಿನ ಪಡಿಯಚ್ಚು. ಸ್ಪ್ಯಾನಿಷ್ ಮೇಷ್ಟ್ರುಗಳಿಗೆ ಮೈ ಉರಿಯುತ್ತದೆ. ನನ್ನ ಫೈಲ್‌ಗಳಲ್ಲಿ ನಾನು 'ದೆವೊಲ್ವೆರ್ ಲಾ ಯಾಮಾದಾ' ಅಂತಲೇ ಬರೆಯುತ್ತೇನೆ, ಟೂಲ್ ಕೂಡ ಹಾಗೇ ಕೊಡುತ್ತದೆ. ಇಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ.

ಐದಕ್ಕೆ ಎಷ್ಟು ಅಂದರೆ, ಮೆಮೊರಿಗೆ ನಾಲ್ಕು, ಮಷೀನ್ ಕರಡಿಗೆ ಮೂರು, ಡ್ರಾಪ್‌ಡೌನ್‌ಗೆ ಒಂದು. ಒಂದೇ ದೇಶಕ್ಕೆ ಕೆಲಸ ಮಾಡುವವರು ಕಣ್ಣು ಮುಚ್ಚಿ ತಗೊಳ್ಳಬಹುದು. ಎರಡು ಮೂರು ದೇಶ ನೋಡುವವರು ದೊಡ್ಡ ಪ್ಲಾನ್‌ಗೆ ದುಡ್ಡು ಸುರಿಯಬೇಡಿ, ಅದರಲ್ಲಿ ಜಾಸ್ತಿ ಸಿಗುವುದು ಆ ಡ್ರಾಪ್‌ಡೌನ್ ಒಂದೇ. ಈ ವರ್ಷ ನಾನು ಚಿಕ್ಕ ಪ್ಲಾನ್‌ಗೆ ಇಳಿದಿದ್ದೇನೆ.

ಇಳಿಯುವ ಮುಂಚೆ ಕುತೂಹಲಕ್ಕೆ ಟೂಲ್‌ನ ಪರದೆಯನ್ನೇ ಅರ್ಜೆಂಟೀನಾದ ಸ್ಪ್ಯಾನಿಷ್‌ಗೆ ಬದಲಿಸಿ ನೋಡಿದೆ. ಅಲ್ಲಿ 'ನೀನು' ಎನ್ನಲು 'ತೂ' ಅಲ್ಲ, 'ವೋಸ್'. ಆಜ್ಞೆ ಮಾಡುವಾಗ ಒತ್ತು ಬೇರೆ ಕಡೆ ಬೀಳುತ್ತದೆ. 'ಹರಿ ಅಪ್' ಎನ್ನಲು ಮೆಕ್ಸಿಕೊದಲ್ಲಿ 'ಅಪೂರತೆ', ಅರ್ಜೆಂಟೀನಾದಲ್ಲಿ 'ಅಪುರಾತೆ'. ಕನ್ನಡದಲ್ಲಿ ದೀರ್ಘ ಎಲ್ಲಿ ಹಾಕಿದೆ ನೋಡಿ, ಅಷ್ಟೇ ವ್ಯತ್ಯಾಸ. ಹಾಗೆಯೇ 'ಲಾಗ್ ಇನ್' ಎನ್ನಲು ಅಲ್ಲಿ 'ಇನಿಸಿಯಾ ಸೆಸಿಯೋನ್' ಅಂತ ಕೊನೆಗೆ ಒತ್ತಿರಬೇಕು. ಟೂಲ್‌ನ ಮೊದಲ ಪುಟದಲ್ಲೇ, ನೀಲಿ ಬಟನ್ ಮೇಲೆ, 'ಇನೀಸಿಯ' ಅಂತಿದೆ. ತಪ್ಪು ತೋರಿಸಿ ಫೆಬ್ರವರಿಯಲ್ಲಿ ಬರೆದೆ. ಟಿಕೆಟ್ ಇನ್ನೂ ತೆರೆದೇ ಇದೆ.