ಸೋರಿಹೋದ ಮಾಹಿತಿಯ ಲೆಕ್ಕ ಕೊಡುವ ‘ಹ್ಯಾವ್ ಐ ಬೀನ್ ಪೋನ್ಡ್’

ಅಪರಿಚಿತ ಸಂಖ್ಯೆಯಿಂದ ಕರೆ ಮಾಡಿದವನು ನಮ್ಮ ಪೂರ್ಣ ಹೆಸರು, ಜನ್ಮದಿನಾಂಕ, ಮನೆ ವಿಳಾಸಗಳನ್ನು ತಪ್ಪಿಲ್ಲದೆ ಹೇಳಿದರೆ, ಆತ ಬ್ಯಾಂಕಿನವನೇ ಇರಬೇಕೆಂದು ನಂಬಿಬಿಡುವುದು ಸಹಜ. ಆ ನಂಬಿಕೆಯೇ ವಂಚಕನ ಬಂಡವಾಳ. ಇಂಥ ವಿವರಗಳು ಯಾವ ಸಂಸ್ಥೆಯಿಂದ, ಯಾವಾಗ ಸೋರಿರಬಹುದೆಂದು ಉಚಿತವಾಗಿ ಪರಿಶೀಲಿಸಿಕೊಳ್ಳಲು ನೆರವಾಗುವ ಜಾಲತಾಣ ‘ಹ್ಯಾವ್ ಐ ಬೀನ್ ಪೋನ್ಡ್’. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರ ಡಿಸೆಂಬರ್‌ನಲ್ಲಿ ಇದನ್ನು ಆರಂಭಿಸಿದರು.

ಇಮೇಲ್ ವಿಳಾಸವೊಂದನ್ನು ನಮೂದಿಸಿದರೆ, ಅದು ಸಿಕ್ಕಿರುವ ಸೋರಿಕೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹೆಚ್ಚಿನವರು ಪಟ್ಟಿಯ ಉದ್ದವನ್ನಷ್ಟೇ ನೋಡಿ ಗಾಬರಿಯಾಗುತ್ತಾರೆ, ಇಲ್ಲವೇ ನಿಟ್ಟುಸಿರು ಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಸೇವೆಯ ನಿಜವಾದ ಬೆಲೆ ಇರುವುದು ಪ್ರತಿ ಸೋರಿಕೆಯಲ್ಲೂ ಯಾವ ಬಗೆಯ ಮಾಹಿತಿ ಹೊರಹೋಗಿದೆ ಎಂದು ತಿಳಿಸುವ ಸಾಲಿನಲ್ಲಿ. ಅಡೋಬಿ ಸಂಸ್ಥೆಯ 2013ರ ಸೋರಿಕೆಯಲ್ಲಿ 15 ಕೋಟಿಗೂ ಹೆಚ್ಚು ಖಾತೆಗಳ ವಿವರಗಳೊಂದಿಗೆ, ಪಾಸ್‌ವರ್ಡ್ ನೆನಪಿಸಿಕೊಳ್ಳಲೆಂದು ಬಳಕೆದಾರರೇ ಬರೆದಿಟ್ಟ ಸುಳಿವುಗಳೂ ಯಾವ ಮರೆಯಿಲ್ಲದೆ ಬಯಲಾಗಿದ್ದವು. ಪಾಸ್‌ವರ್ಡನ್ನು ಬದಲಿಸಬಹುದು, ಆದರೆ ಸುಳಿವಿನಲ್ಲಿ ಬರೆದ ಮಗುವಿನ ಹೆಸರನ್ನು ಬದಲಿಸಲಾಗದು. ಕರೆ ಮಾಡಿದವನಿಗೆ ಏನೆಲ್ಲ ಗೊತ್ತಿರಬಹುದೆಂಬ ಅಂದಾಜು ಮೊದಲೇ ಇದ್ದರೆ, ಅವನು ಅದನ್ನೇ ಹೇಳಿದಾಗ ಅದು ಗುರುತಿನ ಪುರಾವೆಯಾಗಿ ಕಾಣುವುದಿಲ್ಲ.

ಪಾಸ್‌ವರ್ಡ್ ಈಗಾಗಲೇ ಸೋರಿದೆಯೇ ಎಂದು ಪರಿಶೀಲಿಸುವ ವಿಭಾಗವೂ ಇಲ್ಲಿದೆ. ಬಳಸುವ ಪಾಸ್‌ವರ್ಡನ್ನೇ ಬೇರೊಂದು ತಾಣದಲ್ಲಿ ಬರೆಯುವುದೆಂದರೆ ಹಿಂಜರಿಕೆ ಆಗಲೇಬೇಕು. ಆದರೆ ಪಾಸ್‌ವರ್ಡ್ ನಮ್ಮ ಬ್ರೌಸರಿನಲ್ಲೇ 40 ಅಕ್ಷರಗಳ ಸಂಕೇತವಾಗಿ ಮಾರ್ಪಟ್ಟು, ಅದರ ಮೊದಲ 5 ಅಕ್ಷರಗಳು ಮಾತ್ರ ತಾಣದ ಸರ್ವರ್‌ಗೆ ಹೋಗುತ್ತವೆ. ಸೋರಿಹೋದ ಪಾಸ್‌ವರ್ಡ್‌ಗಳ ಸಂಕೇತಗಳಲ್ಲಿ ಆ 5 ಅಕ್ಷರಗಳಿಂದ ಆರಂಭವಾಗುವ ಎಲ್ಲವನ್ನೂ ಸರ್ವರ್ ಹಿಂದಿರುಗಿಸುತ್ತದೆ, ಹೋಲಿಕೆ ನಡೆಯುವುದು ನಮ್ಮ ಯಂತ್ರದಲ್ಲೇ. ಬಹಳ ಎಚ್ಚರದಿಂದ ರೂಪಿಸಿದ ವ್ಯವಸ್ಥೆಯಿದು. ಹೆಸರು ಹೊರಬಂದರೆ ಮಾನಕ್ಕೇ ಕುಂದಾಗುವಂಥ ಸೋರಿಕೆಗಳನ್ನು ವಿಳಾಸದ ಒಡೆಯನೆಂದು ಖಚಿತಪಡಿಸಿದವರಿಗಷ್ಟೇ ತೋರಿಸುವುದರಲ್ಲೂ ಅದೇ ಕಾಳಜಿ ಕಾಣುತ್ತದೆ.

ಕೊರತೆಗಳು ಗಂಭೀರವಾದವು. ಹುಡುಕಾಟ ನಡೆಯುವುದು ಇಮೇಲ್ ವಿಳಾಸದ ಮೇಲೆ, ಆದರೆ ವಂಚಕ ಬಳಸುವುದು ಫೋನ್ ಸಂಖ್ಯೆಯನ್ನು. 2021ರಲ್ಲಿ ಬಹಿರಂಗವಾದ ಫೇಸ್‌ಬುಕ್ ದತ್ತಾಂಶದಲ್ಲಿ 50 ಕೋಟಿಗೂ ಹೆಚ್ಚು ಫೋನ್ ಸಂಖ್ಯೆಗಳಿದ್ದರೂ ಇಮೇಲ್ ವಿಳಾಸಗಳು ತೀರ ಕಡಿಮೆ ಇದ್ದವು. ಅಂಥ ಕಡೆ ಇಮೇಲ್ ಹುಡುಕಾಟದಿಂದ ಹೆಚ್ಚಿನ ಪ್ರಯೋಜನವಿಲ್ಲ. ಏನೂ ಸಿಗಲಿಲ್ಲವೆಂದರೆ ಸುರಕ್ಷಿತರೆಂದೂ ಅರ್ಥವಲ್ಲ. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕದ್ದ 16.4 ಕೋಟಿ ಖಾತೆಗಳ ವಿವರ ಮಾರಾಟಕ್ಕೆ ಬಂದದ್ದು 2016ರಲ್ಲಿ. ನಡುವಿನ ಆ ವರ್ಷಗಳಲ್ಲಿ ಹುಡುಕಿದವರಿಗೆ ಅದರ ಸುಳಿವೇ ಸಿಗುತ್ತಿರಲಿಲ್ಲ.

ಆದ್ದರಿಂದಲೇ ಒಮ್ಮೆ ಹುಡುಕಿ ಬಿಡುವುದಕ್ಕಿಂತ, ಹೊಸ ಸೋರಿಕೆ ಸೇರಿದಾಗ ಇಮೇಲ್ ಮೂಲಕ ಎಚ್ಚರಿಸುವ ಸೌಲಭ್ಯಕ್ಕೆ ನೋಂದಾಯಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಬ್ಯಾಂಕಿಗೆ ಕೊಟ್ಟಿರುವ ವಿಳಾಸವನ್ನು ಮೊದಲು ಸೇರಿಸಿ, ಬಳಕೆ ನಿಲ್ಲಿಸಿದ ಹಳೆಯ ವಿಳಾಸ ಈಗಲೂ ತೆರೆಯುವಂತಿದ್ದರೆ ಅದನ್ನೂ ಸೇರಿಸಿ. ವರ್ಷಗಳ ಹಿಂದಿನ ಮರೆತ ಖಾತೆಗಳೆಲ್ಲ ಸಾಮಾನ್ಯವಾಗಿ ಇರುವುದು ಅದರ ಹೆಸರಿನಲ್ಲೇ.